ಕಣಕ ಮೆತ್ತಿದ ಪಾತ್ರೆ

ವಿಮಾನ ಹತ್ತುವ ಮೊದಲೇ ಸನಿಯ್ಯಾ ತೀರ್ಮಾನಿಸಿಬಿಟ್ಟಿದ್ದಳು, ಪಾತ್ರೆಯನ್ನು ಕೈಬಿಡುವುದಿಲ್ಲ ಎಂದು. ತಲೆಯ ಮೇಲಿನ ಖಾನೆಯಲ್ಲಿಟ್ಟರೆ ಯಾರ ಕೈ ಎಲ್ಲಿಗೆ ಹೋಗುತ್ತದೋ, ಯಾರು ತಮ್ಮ ಪೆಟ್ಟಿಗೆಯನ್ನು ತಂದು ಅದರ ಮೇಲೆ ಒತ್ತುತ್ತಾರೋ. ಪಾತ್ರೆಗೆ ಎರಡು ಟವೆಲು ಸುತ್ತಿ, ಅದರ ಮೇಲೆ ತೀರಿಹೋದ ಗಂಡನ ಉಣ್ಣೆ ಶಾಲು ಹೊದಿಸಿ, ಎಲ್ಲವನ್ನೂ ಹೂವಿನ ಚಿತ್ತಾರದ ಚೀಲದೊಳಗೆ ಇಳಿಸಿದ್ದಳು. ಅಷ್ಟಾದರೂ ಬಿಸಿ ತೊಡೆಗೆ ತಟ್ಟುತ್ತಿತ್ತು. ತಟ್ಟಲಿ, ಮಗಳ ಮನೆ ಸೇರುವವರೆಗೂ ಆರದಿದ್ದರೆ ಸಾಕು ಎಂದುಕೊಂಡಳು.

ಒಳಗಿದ್ದದ್ದು ಹನ್ನೆರಡು ಪಾರಿವಾಳದ ಮರಿಗಳು. ಮಿತ್ ಘಮ್ರ್ ಎಂಬ ಊರಿನ ತನ್ನ ಮನೆಯ ತಾರಸಿಯ ಗೂಡಿನಲ್ಲಿ ಸನಿಯ್ಯಾ ಸ್ವತಃ ಕಾಳು ತಿನ್ನಿಸಿ ಬೆಳೆಸಿದವು. ಹೊತ್ತು ಹುಟ್ಟುವ ಮೊದಲೇ ಎದ್ದು, ಹಸಿಗೋಧಿಯ ನುಚ್ಚು ತುಂಬಿ, ಏಲಕ್ಕಿ ಹಾಕಿದ ನೀರಿನಲ್ಲಿ ಬೇಯಿಸಿ, ತುಪ್ಪದಲ್ಲಿ ಕೆಂಪಗೆ ಹುರಿದಿದ್ದಳು. ಮುಚ್ಚಳದ ಸುತ್ತ ಕಣಕ ಮೆತ್ತಿ ಒಲೆಯ ಮೇಲೆ ಒಣಗಿಸಿದ್ದಳು. ಬಾಣಂತಿಯ ಪಾತ್ರೆಯನ್ನು ಬಾಣಂತಿಯೇ ತೆರೆಯಬೇಕು. ದಾರಿಯಲ್ಲಿ ತೆರೆದರೆ ಕಂಡವರ ಕಣ್ಣು ಮೊದಲು ಒಳಗಿಳಿಯುತ್ತದೆ.

ಅವಳ ಮಗಳು ರಿಹಾಬ್ ಕುವೈತ್‌ನಲ್ಲಿ ಹಡೆದು ಐದು ದಿನವಾಗಿತ್ತು. ಏಳು ವರ್ಷ ಕಾದು, ಆಪರೇಷನ್ ಆಗಿ, ಹುಟ್ಟಿದ ಹೆಣ್ಣುಮಗು. ನಿನ್ನೆ ಫೋನಿನಲ್ಲಿ ರಿಹಾಬ್ ಮಾತಾಡಿದ್ದಕ್ಕಿಂತ ಅತ್ತದ್ದೇ ಹೆಚ್ಚು. "ಹಾಲೇ ಬರ್ತಿಲ್ಲಮ್ಮ. ಮಗು ಕಚ್ಚಿ ಕಚ್ಚಿ ಸೋತು ಅಳತ್ತೆ, ಜೊತೆಗೆ ನಾನೂ ಅಳ್ತೀನಿ."

ಯಾರೋ ನೋಡಿದ್ದಾರೆ, ಸನಿಯ್ಯಾಗೆ ಆಗಲೇ ಖಾತ್ರಿಯಾಗಿತ್ತು. ಆಸ್ಪತ್ರೆಗೆ ಬಂದವರಲ್ಲಿ ಯಾರೋ ಒಬ್ಬರು. ಇನ್ನು ಹಾಲು ಇಳಿಸಬೇಕಾದ ಈ ಪಾತ್ರೆಯ ಮೇಲೂ ಕಣ್ಣು ಬಿದ್ದರೆ ಮುಗಿಯಿತು.

ಬಿಳಿ ಅಂಗಿಯ ಸಿಬ್ಬಂದಿ ಹುಡುಗ ಬಂದು ಬಗ್ಗಿದ. "ಹಜ್ಜಮ್ಮ, ಚೀಲ ಮೇಲಿಡ್ಲಾ?"

"ಬೇಡಪ್ಪ. ಔಷಧಿ ಇದೆ ಅದ್ರಲ್ಲಿ. ಅಲ್ಲಾಡ್ಬಾರ್ದು."

ಹುಡುಗ ಮೂಗರಳಿಸಿದ. "ನಮ್ಮಮ್ಮನೂ ಇದೇ ಔಷಧಿ ಮಾಡ್ತಾರೆ. ಆಯ್ತು, ಏರೋವಾಗ ಇಳಿಯೋವಾಗ ಮುಂದಿನ ಸೀಟಿನ ಕೆಳಗಿಡಿ."

ಸನಿಯ್ಯಾ ಚೀಲವನ್ನು ಕಾಲಡಿ ಇಟ್ಟು ಎರಡೂ ಪಾದಗಳ ನಡುವೆ ಒತ್ತಿ ಹಿಡಿದಳು. ಆಗಲೇ ಪಕ್ಕದ ಸೀಟಿನ ಹುಡುಗಿ ಅತ್ತ ನೋಡಿದ್ದು.

ಇಪ್ಪತ್ತನಾಲ್ಕೋ ಇಪ್ಪತ್ತೈದೋ ಇರಬೇಕು. ಸಡಿಲವಾದ ಕಪ್ಪು ನಿಲುವಂಗಿ, ಹಸಿರು ತಲೆವಸ್ತ್ರ, ಬಿಳಚಿಕೊಂಡ ಮುಖ. ಅಬೀರ್ ಅಂತ ಹೆಸರು, ಗಂಡನ ಹತ್ತಿರ ಹೋಗುತ್ತಿದ್ದೇನೆ ಎಂದು ಕೂತ ಕೂಡಲೇ ಹೇಳಿದ್ದಳು. ಅವಳಿಂದಾಚೆ, ಓಡಾಡುವ ದಾರಿಯ ಪಕ್ಕದಲ್ಲಿ, ದಪ್ಪ ಮೀಸೆಯ ಶೌಕಿ ಮೇಷ್ಟ್ರು. ಕುವೈತ್‌ನ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುವವರು. ಕಿಟಕಿಯ ಪಕ್ಕ ಸನಿಯ್ಯಾ.

ವಿಮಾನ ಮೇಲೇರಿ ನೆಟ್ಟಗಾಯಿತು. ಸನಿಯ್ಯಾ ಚೀಲವನ್ನೆತ್ತಿ ಮಡಿಲಿಗೆ ಹಾಕಿಕೊಂಡಳು.

"ಖಾಲಾ, ಅದ್ರಲ್ಲಿ ಏನಿದೆ?" ಅಬೀರ್ ಕೇಳಿದಳು.

"ಔಷಧಿ."

"ಬಿಸಿ ಇದ್ದ ಹಾಗಿದೆ."

"ಬಿಸಿ ಔಷಧಿ."

ಶೌಕಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ಹೇಳಿದರು: "ಏಲಕ್ಕಿ ಹಾಕಿದ ಔಷಧಿ. ಹೊಟ್ಟೆ ತುಂಬ ಹಸಿಗೋಧಿ ನುಚ್ಚು ಇರೋ ಔಷಧಿ. ನಿನ್ನೆ ಸಾಯಂಕಾಲದವರೆಗೂ ರೆಕ್ಕೆ ಇತ್ತು ಅದಕ್ಕೆ."

"ಮೇಷ್ಟ್ರೇ, ನಿಮ್ಮ ಮೂಗಿಗೂ ಬೇರೆ ಟಿಕೆಟ್ ತಗೋಬೇಕಿತ್ತು."

"ಬೇಜಾರಾಗ್ಬೇಡಿ ಹಜ್ಜಮ್ಮ. ಹದಿನೆಂಟು ವರ್ಷದಿಂದ ಈ ದಾರೀಲಿ ಓಡಾಡ್ತಿದೀನಿ. ಬಿಸಿ ಅಡುಗೆ ತರೋರಿಗೆ ಇರೋದು ಒಂದೇ ಕಾನೂನು. ತೆರೆದ್ರೆ ಅಕ್ಕಪಕ್ಕದೋರಿಗೆ ಕೊಡ್ಬೇಕು. ಕೊಡಕ್ಕಾಗಲ್ಲ ಅಂದ್ರೆ ತೆರೀಬಾರ್ದು. ನೀವು ತೆರೆದಿಲ್ಲ, ನಿಮ್ಮ ತಪ್ಪಿಲ್ಲ. ತಪ್ಪೆಲ್ಲ ವಾಸನೇದು." ಹಾಗೆಂದು ಕರವಸ್ತ್ರವನ್ನು ಮುಖದ ಮೇಲೆ ಹಾಸಿಕೊಂಡು ಒರಗಿದರು.

ಸನಿಯ್ಯಾಗೆ ಚುರುಕ್ಕೆಂದಿತು. ಅವಳೇನು ರೀತಿ ನೀತಿ ತಿಳಿಯದವಳಲ್ಲ. ಒಂದು ಗುಟುಕು ನೀರು ಕುಡಿದರೂ ಪಕ್ಕದವರಿಗೆ 'ಬನ್ನಿ, ತಗೊಳ್ಳಿ' ಅನ್ನಬೇಕು. ಅವರು ಬೇಡವೆನ್ನಬೇಕು. ಮತ್ತೆ ಕರೆಯಬೇಕು, ಅವರು ಆಣೆಯಿಟ್ಟು ಬೇಡವೆನ್ನಬೇಕು. ಮೂರನೆಯ ಸಲವೂ ಬೇಡವೆಂದರೆ ಇಬ್ಬರ ಮಾನವೂ ಉಳಿಯಿತು. ಆದರೆ ಈಗಿನವರನ್ನು ನಂಬುವುದು ಹೇಗೆ? ಮೊದಲ ಸಲಕ್ಕೇ ಹೂಂ ಎಂದುಬಿಟ್ಟರೆ? ಅದಕ್ಕೇ ಅವಳು ಬಾಯೇ ತೆರೆದಿರಲಿಲ್ಲ.

"ಯಾರಿಗೆ ಖಾಲಾ, ಔಷಧಿ?" ಅಬೀರ್ ಬಿಡುವಂತೆ ಕಾಣಲಿಲ್ಲ.

"ನನ್ನ ಮಗಳಿಗೆ."

"ಬಾಣಂತಿನಾ?"

ಸನಿಯ್ಯಾ ಚೀಲವನ್ನು ಎದೆಗೊತ್ತಿಕೊಂಡಳು. ಹೇಗೆ ಗೊತ್ತಾಯಿತು ಇವಳಿಗೆ? "ಇಲ್ಲ ಇಲ್ಲ. ಕೆಮ್ಮು ಅವಳಿಗೆ. ಬರೀ ಕೆಮ್ಮು."

ಹೇಳಿದ ಮೇಲೆ ಭಯವಾಯಿತು. ಚೆನ್ನಾಗಿರುವ ಮಗಳ ಎದೆಗೆ ತಾನೇ ಬಾಯಾರೆ ಕೆಮ್ಮು ಹಚ್ಚಿದೆನಲ್ಲ. ದೇವರೇ, ನಾನಾಡಿದ್ದು ಸುಳ್ಳು, ಅದನ್ನು ನಿಜ ಮಾಡಬೇಡ ಎಂದು ಒಳಗೊಳಗೇ ಬೇಡಿಕೊಂಡಳು.

ಆಮೇಲೆ ಅವಳು ಹುಡುಗಿಯನ್ನು ಓರೆಗಣ್ಣಿನಲ್ಲಿ ಕಾಯತೊಡಗಿದಳು. ಕಾದಷ್ಟೂ ಅನುಮಾನ ಬೆಳೆಯಿತು. ಅಬೀರ್ ತನ್ನ ಕೈಚೀಲದೊಳಗೆ ಬೆರಳು ಹಾಕಿ, ಪ್ಲಾಸ್ಟಿಕ್ ಸರಸರ ಎನ್ನಿಸಿ, ಏನನ್ನೋ ಬಾಯಿಗೆ ಹಾಕಿಕೊಂಡಳು. ಮುಖವನ್ನು ಅತ್ತ ತಿರುಗಿಸಿಕೊಂಡು ಚೀಪಿದಳು. ಹುಳಿ ವಾಸನೆ ಬಂತು. 'ಬನ್ನಿ, ತಗೊಳ್ಳಿ' ಎನ್ನಲಿಲ್ಲ. ಕದ್ದು ತಿನ್ನುವವಳು ಕದ್ದು ನೋಡುವುದಿಲ್ಲವೇ? ತಿಂದಾದ ಮೇಲೆ ಕಣ್ಣು ಮತ್ತೆ ಸನಿಯ್ಯಾಳ ಚೀಲಕ್ಕೇ ಬಂತು. ಗಂಟಲು ಮೇಲೆ ಕೆಳಗೆ ಆಡಿತು.

ಊಟದ ತಟ್ಟೆ ಬಂತು. ಅಬೀರ್ ಮುಚ್ಚಳವನ್ನೂ ಎತ್ತದೆ, "ಬೇಡ, ತಗೊಂಡ್ಹೋಗಿ, ಬೇಗ," ಎಂದು ಮುಖ ಸಿಂಡರಿಸಿದಳು. ಪುಕ್ಕಟೆ ಊಟ ಬೇಡ ಎನ್ನುವವರುಂಟೇ? ಬೇರೆಯವರದಕ್ಕೆ ಕಾದಿರುವವರು ಮಾತ್ರ. ಎಲ್ಲಕ್ಕಿಂತ ವಿಚಿತ್ರವೆಂದರೆ ಅವಳ ಕೈಗಳು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ತುರುಕಿ ಅವುಗಳ ಮೇಲೆಯೇ ಕೂತುಬಿಟ್ಟಿದ್ದಳು. ಏನನ್ನು ಅಡಗಿಸಿದ್ದಾಳೆ? ಮುಷ್ಟಿಯಲ್ಲೇನಾದರೂ ಇದೆಯೇ? ಸನಿಯ್ಯಾ ಚೀಲವನ್ನು ಎರಡೂ ತೋಳುಗಳಿಂದ ಬಳಸಿ, ಹುಡುಗಿಗೆ ಬೆನ್ನು ಹಾಕಿ, ಕಿಟಕಿಯತ್ತ ತಿರುಗಿ ಕೂತಳು. ಕೆಳಗೆ ಬರೀ ಮರಳು.

"ಖಾಲಾ."

"ಏನು?"

"ಕೆನ್ನೆ ಮೇಲೆ ಕೂದ್ಲು ಬಿದ್ದಿದೆ. ಕಚಗುಳಿ ಆಗ್ತಿದೆ. ಸ್ವಲ್ಪ ತೆಗೀತೀರಾ?"

ಸನಿಯ್ಯಾ ತಿರುಗಿ ನೋಡಿದಳು. ತಲೆವಸ್ತ್ರದಿಂದ ಜಾರಿದ ಎಳೆಯೊಂದು ಹುಡುಗಿಯ ಕೆನ್ನೆಗೆ ಅಂಟಿತ್ತು. ಹುಡುಗಿ ತುಟಿ ಸೊಟ್ಟ ಮಾಡಿ ಉಫ್ ಉಫ್ ಎಂದು ಊದಿ ಸೋತಿದ್ದಳು.

"ನಿನ್ನ ಕೈಗೇನಾಗಿದೆ?"

"ಏನಿಲ್ಲ. ಜೋಮು ಹಿಡ್ದಿದೆ."

"ಎರಡಕ್ಕೂನಾ?"

ಅಬೀರ್ ಕೆನ್ನೆಯನ್ನು ಇತ್ತ ಚಾಚಿದಳು. ಸನಿಯ್ಯಾ ಒಂದು ಬೆರಳಿನಿಂದ ಕೂದಲನ್ನು ಸರಿಸಿದಳು. ಕೆನ್ನೆ ತಣ್ಣಗಿತ್ತು, ಬೆವರಿತ್ತು. ಸರಿಸಿದ ಬೆರಳು ಅಲ್ಲೇ ಗಾಳಿಯಲ್ಲಿ ನಿಂತಿತು.

ಹುಳಿ. ತಟ್ಟೆ ಕಂಡರೆ ವಾಕರಿಕೆ. ಮೈ ಮುಟ್ಟಿಕೊಳ್ಳದ ಕೈಗಳು.

ಸನಿಯ್ಯಾಳ ತಾಯಿ ಹೇಳುತ್ತಿದ್ದಳು, ಬಯಕೆ ಹುಟ್ಟಿ, ಬಯಸಿದ್ದು ಸಿಗದೆ ಇದ್ದಾಗ ಮೈಯ ಎಲ್ಲಿಯೂ ಕೈ ಇಡಬೇಡ, ಇಟ್ಟ ಕಡೆಯೇ ಮಗುವಿಗೆ ಮಚ್ಚೆ ಮೂಡುತ್ತದೆ ಎಂದು. ಹೇಳಿದ್ದು ಗೊತ್ತಿದ್ದೂ ಸನಿಯ್ಯಾ ಒಮ್ಮೆ ಮರೆತಿದ್ದಳು. ರಿಹಾಬ್ ಹೊಟ್ಟೆಯಲ್ಲಿದ್ದಾಗ, ತಂತಾ ಊರಿನಿಂದ ಬರುವ ರೈಲಿನಲ್ಲಿ, ಎದುರಿನ ಹೆಂಗಸೊಬ್ಬಳ ಡಬ್ಬಿಯಿಂದ ಹುರಿದ ಪಿತ್ತಜನಕಾಂಗದ ವಾಸನೆ ಬಂದಿತ್ತು. ಬೆಳ್ಳುಳ್ಳಿ, ಹಸಿಮೆಣಸು, ಬಿಸಿ ಎಣ್ಣೆ. ಎರಡು ತಿಂಗಳಾಗಿತ್ತಷ್ಟೆ, ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳು ತುಂಬುವವರೆಗೂ ಹೇಳುವಂತಿಲ್ಲ, ಕಣ್ಣು ಬೀಳುತ್ತದೆ. ಕೇಳಿದರೆ ಗುಟ್ಟು ಬಯಲಾಗುತ್ತದೆ. ಆ ಹೆಂಗಸೋ ಡಬ್ಬಿಯನ್ನು ತೋಳಿನಲ್ಲಿ ಬಳಸಿ, ಬೆನ್ನು ಹಾಕಿ, ಕಿಟಕಿಯತ್ತ ತಿರುಗಿ ಕೂತಿದ್ದಳು. ಸನಿಯ್ಯಾ ಉಗುಳು ನುಂಗಿ ಕಿವಿಯ ಕೆಳಗೆ ತುರಿಸಿಕೊಂಡಿದ್ದಳು. ರಿಹಾಬ್ ಹುಟ್ಟಿದಾಗ ಎಡಗಿವಿಯ ಕೆಳಗೆ ಕಂದು ಮಚ್ಚೆ, ಒಂದು ತುಂಡು ಪಿತ್ತಜನಕಾಂಗದಷ್ಟೇ ಅಗಲ. ಶಾಲೆಯ ಮಕ್ಕಳು ಆಡಿಕೊಂಡರು. ಹೆಣ್ಣು ನೋಡಲು ಬಂದವರು ಎರಡು ಸಲ ಎದ್ದು ಹೋದರು. ಮೂವತ್ತೆರಡು ವರ್ಷ ಸನಿಯ್ಯಾ ಆ ರೈಲಿನ ಹೆಂಗಸನ್ನು ಶಪಿಸುತ್ತಲೇ ಬಂದಿದ್ದಳು.

ಅವಳು ತನ್ನ ತೋಳುಗಳನ್ನು ನೋಡಿಕೊಂಡಳು. ಅವು ಚೀಲವನ್ನು ಬಳಸಿದ್ದವು.

ಆದರೂ ಅನುಮಾನ ಅಷ್ಟು ಸುಲಭಕ್ಕೆ ಬಿಡಲಿಲ್ಲ. ನಿಜವಾಗಿ ಜೋಮೇ ಹಿಡಿದಿದ್ದರೆ? ಕಣಕ ಒಡೆದರೆ ಮತ್ತೆ ಮೆತ್ತಲಾಗದು. ಅಲ್ಲಿ ಹಾಲಿಲ್ಲದೆ ಅಳುವ ಮಗು, ಇಲ್ಲಿ ಇನ್ನೂ ಹುಟ್ಟದ ಮಗು. ನೇರವಾಗಿ ಕೇಳುವಂತೆಯೂ ಇಲ್ಲ. ಕೇಳಿದರೆ ಹುಡುಗಿ ಇಲ್ಲವೆನ್ನುತ್ತಾಳೆ. ಈ ಮುದುಕಿಯ ಕಣ್ಣು ಬಿತ್ತು ಎಂದು ಒಂಬತ್ತು ತಿಂಗಳೂ ಹೆದರುತ್ತಾಳೆ.

ಸನಿಯ್ಯಾ ಚೀಲದ ಜಿಪ್ಪು ಎಳೆದಳು. ಶಾಲು ಬಿಚ್ಚಿದಳು. ಚಮಚದ ಹಿಡಿಯನ್ನು ಮುಚ್ಚಳದ ಅಂಚಿಗೆ ಸಿಕ್ಕಿಸಿ ಒತ್ತಿದಾಗ ಒಣಗಿದ ಕಣಕ ಪಟ್ಟೆಂದು ಒಡೆಯಿತು. ಆವಿ ಮುಖಕ್ಕೆ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಹಾ ಎಂದರು.

"ಮಗಳೇ, ಉಪ್ಪು ಹಾಕಿದ್ನೋ ಇಲ್ವೋ ಅಂತ ಅನುಮಾನ ಬಂದಿದೆ ನಂಗೆ. ನನ್ನ ನಾಲಿಗೆ ಸತ್ತಿದೆ. ಸ್ವಲ್ಪ ತಿಂದು ಹೇಳು."

"ಅಯ್ಯೋ ಬೇಡ ಖಾಲಾ. ಹೊಟ್ಟೆ ತುಂಬಿದೆ." ಕಣ್ಣು ಮಾತ್ರ ಪಾತ್ರೆಯೊಳಗಿತ್ತು.

"ಏನು ತಿಂದು ತುಂಬ್ತು? ತಗೋ."

"ದೇವರಾಣೆ ಬೇಡ. ನಿಮ್ಮ ಮಗಳಿಗೆ ಅಂತ ಮಾಡಿದ್ದು."

ಇದು ಎರಡನೆಯದು. ಇನ್ನೊಂದು ಸಲ ಬೇಡವೆಂದರೆ ರೀತಿಯ ಪ್ರಕಾರ ಮುಚ್ಚಳ ಮುಚ್ಚಬೇಕು. ಹುಡುಗಿಯ ಮುಖದಲ್ಲೂ ತನಗಿದ್ದಂಥದೇ ಅನುಮಾನ ಸನಿಯ್ಯಾಗೆ ಕಂಡಿತು: ಇಷ್ಟು ಹೊತ್ತು ಬಚ್ಚಿಟ್ಟವಳು ಈಗ ಯಾಕೆ ಕರೆಯುತ್ತಿದ್ದಾಳೆ, ಏನು ಪತ್ತೆಹಚ್ಚಿದಳು? ಅದನ್ನು ಕರಗಿಸಲು ಸನಿಯ್ಯಾಳ ಹತ್ತಿರ ಕೊಡುವಂಥದ್ದು ಒಂದೇ ಉಳಿದಿತ್ತು.

ಅವಳು ಬಗ್ಗಿ, ಮೇಷ್ಟ್ರಿಗೆ ಕೇಳಿಸದಂತೆ ಹೇಳಿದಳು: "ಕೆಮ್ಮಲ್ಲ ಕಣೇ. ಸುಳ್ಳು ಹೇಳ್ದೆ. ನನ್ನ ಮಗಳು ಹಡೆದು ಐದು ದಿನ ಆಯ್ತು. ಏಳು ವರ್ಷದ ಮೇಲೆ ಹುಟ್ಟಿದ ಕೂಸು. ಹಾಲು ಬರ್ತಿಲ್ಲ ಅವಳಿಗೆ. ಆ ಹಾಲಿನ ಆಣೆ, ನೀನು ತಿನ್ನಲೇಬೇಕು."

ಅಬೀರ್ ಅವಳನ್ನೇ ನೋಡಿದಳು. ಅಂಥದ್ದನ್ನು ಗುರುತಿಲ್ಲದವರ ಮುಂದೆ ಯಾರೂ ಹೇಳುವುದಿಲ್ಲ. ಅವಳ ಕಣ್ಣು ತುಂಬಿತು. ತೊಡೆಯ ಕೆಳಗಿಂದ ಕೈಗಳು ನಿಧಾನವಾಗಿ ಹೊರಬಂದವು. ಕೂತು ಕೂತು ಕೆಂಪಾಗಿದ್ದವು, ಸೀಟಿನ ಬಟ್ಟೆಯ ಗೆರೆ ಮೂಡಿತ್ತು. ಮುಷ್ಟಿಯಲ್ಲಿ ಏನೂ ಇರಲಿಲ್ಲ.

"ಬಿಸ್ಮಿಲ್ಲಾ," ಎಂದಳು.

ಸನಿಯ್ಯಾ ಒಂದು ಮರಿಯನ್ನು ಮುಚ್ಚಳದ ಮೇಲಿಟ್ಟು ಕೊಟ್ಟಳು. ಹುಡುಗಿ ಮೊದಲು ಎದೆಯ ಭಾಗ ಕಿತ್ತಳು, ಆಮೇಲೆ ನುಚ್ಚನ್ನು ಬೆರಳಿನಿಂದ ಬಾಚಿದಳು, ಆಮೇಲೆ ರೀತಿ ನೀತಿಯೆಲ್ಲ ಬಿಟ್ಟು ಮೂಳೆ ಚೀಪಿದಳು.

"ಉಪ್ಪು?"

"ಸರಿಯಾಗಿದೆ ಖಾಲಾ. ಒಂಚೂರೂ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಕರವಸ್ತ್ರದೊಳಗಿಂದ ದನಿ ಬಂತು. "ತೆರೆದ್ರಾ?"

"ಮಲಗಿ ಮೇಷ್ಟ್ರೇ."

"ಕಾನೂನು, ಹಜ್ಜಮ್ಮ."

"ಕಣ್ಣು ಮುಚ್ಚಿಕೊಂಡೇ ತಿನ್ನಬೇಕು. ಪಾತ್ರೆ ಒಳಗೆ ನೋಡೋ ಹಾಗಿಲ್ಲ."

ಮೇಷ್ಟ್ರು ಕರವಸ್ತ್ರ ತೆಗೆಯದೆ ಕೈ ಮಾತ್ರ ಚಾಚಿದರು. ಸನಿಯ್ಯಾ ಒಂದು ಕಾಲು, ಸ್ವಲ್ಪ ನುಚ್ಚು ಇಟ್ಟಳು. ಅಷ್ಟು ಕೊಟ್ಟು ಪಾತ್ರೆ ಮುಚ್ಚಲು ಕೈ ನೀಡಿದಾಗ, ಅಬೀರ್ ಮುಚ್ಚಳವನ್ನು ಕಾಗದದಿಂದ ಒರೆಸುತ್ತಿದ್ದಳು. ಒರೆಸಿ, ಬರಿದಾಗಿ ವಾಪಸು ಕೊಡುವುದು ಹೇಗೆಂದು ಒಂದು ಗಳಿಗೆ ಯೋಚಿಸಿ, ಕೈಚೀಲದಿಂದ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಮುಚ್ಚಳದ ಮೇಲಿಟ್ಟಳು. ಉಪ್ಪಿನಲ್ಲಿ ನೆನೆಸಿದ ನಿಂಬೆಹಣ್ಣು, ಎರಡು. ಉಳಿದಿದ್ದೇ ಅಷ್ಟು.

"ಇದು ನಿಂಗೇ ಬೇಕಲ್ಲೇ," ಎಂದಳು ಸನಿಯ್ಯಾ. ಎಂದವಳೇ ನಾಲಿಗೆ ಕಚ್ಚಿಕೊಂಡು, "ಅಂದ್ರೆ, ಬಾಯಿಗೆ ರುಚಿ ಅಂತ" ಎಂದು ಸೇರಿಸಿದಳು.

"ಹೌದು. ಬಾಯಿಗೆ ರುಚಿ ಅಂತ," ಎಂದಳು ಅಬೀರ್.

ಕುವೈತ್‌ನಲ್ಲಿ ಇಳಿದಾಗ ಅಬೀರ್ ಮುಂದೆ ನಡೆದಳು. ನಿಲ್ದಾಣದ ಬಾಗಿಲಲ್ಲಿ ಕಾದಿದ್ದ ಗಂಡ ಪೆಟ್ಟಿಗೆ ತೆಗೆದುಕೊಳ್ಳುತ್ತಾ ಮೂಗರಳಿಸಿ ಏನೋ ಕೇಳಿದ. "ಔಷಧಿ," ಎಂದು ಅವಳೆಂದದ್ದು ಸನಿಯ್ಯಾಗೆ ಕೇಳಿಸಿತು. ಅವನ ಕೈಯಲ್ಲಿ ಪೆಟ್ಟಿಗೆ ಕೊಟ್ಟ ಅವಳು ಖಾಲಿ ಕೈಯಿಂದ ನಿರಾತಂಕವಾಗಿ ಕೆನ್ನೆ ಒರೆಸಿಕೊಂಡಳು.

ಮಗಳ ಮನೆಯಲ್ಲಿ ರಿಹಾಬ್ ದಿಂಬಿಗೆ ಒರಗಿ ಕೂತಿದ್ದಳು. ಮಡಿಲಿನ ಮೇಲೆ ಪಾತ್ರೆ ಇಟ್ಟ ಕೂಡಲೇ ಅವಳ ಬೆರಳು ಅಂಚಿನ ಸುತ್ತ ಹೋಯಿತು.

"ಅಮ್ಮಾ, ಕಣಕ ಒಡೆದಿದೆ. ಯಾರು ತೆರೆದ್ರು? ಯಾರಾದ್ರೂ ನೋಡಿದ್ರಾ?"

"ನಾನೇ ತೆರೆದೆ. ಉಪ್ಪು ನೋಡ್ಬೇಕಿತ್ತು."

"ಹನ್ನೆರಡು ಅಂದಿದ್ದೆ, ಇರೋದು ಹನ್ನೊಂದೇ. ಅದ್ರಲ್ಲಿ ಒಂದಕ್ಕೆ ಕಾಲೇ ಇಲ್ಲ."

"ತಿನ್ನೇ ಸುಮ್ನೆ. ಪೋಲೀಸ್ ಆಗ್ಬೇಕಿತ್ತು ನೀನು."

ಸನಿಯ್ಯಾ ಮಗಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿ, ಆ ಕಂದು ಮಚ್ಚೆಯ ಮೇಲೆ ಒಂದು ಸಲ ಬೆರಳಾಡಿಸಿದಳು. ರಿಹಾಬ್ ಇನ್ನೂ ಅನುಮಾನದಿಂದ ಅಮ್ಮನ ಮುಖ ನೋಡುತ್ತಲೇ ಒಂದು ತುತ್ತು ನುಚ್ಚು ಬಾಯಿಗಿಟ್ಟಳು. ಅಗಿದಳು. ನಿಲ್ಲಿಸಿದಳು.

"ಉಪ್ಪೇ ಇಲ್ಲವಲ್ಲಮ್ಮ."

ಸನಿಯ್ಯಾ ತಾನೇ ರುಚಿ ನೋಡಿದಳು. ನಿಜಕ್ಕೂ ಇರಲಿಲ್ಲ. ಹೊತ್ತು ಹುಟ್ಟುವ ಮೊದಲಿನ ಗಡಿಬಿಡಿಯಲ್ಲಿ ಮರೆತೇ ಹೋಗಿತ್ತು. ಸರಿಯಾಗಿದೆ ಖಾಲಾ ಎಂದು ಮೂಳೆ ಚೀಪುತ್ತಾ ಹೇಳಿದ ಹುಡುಗಿ ನೆನಪಾಗಿ, ಅವಳು ಮಂಚದ ಅಂಚಿನಲ್ಲಿ ಕೂತು ನಗತೊಡಗಿದಳು. ರಿಹಾಬ್‌ಗೆ ಏನೂ ಅರ್ಥವಾಗಲಿಲ್ಲ. ಸನಿಯ್ಯಾ ಪೊಟ್ಟಣ ಬಿಚ್ಚಿ, ಉಪ್ಪುಂಡ ನಿಂಬೆಯೊಂದನ್ನು ಪಾರಿವಾಳದ ಮೇಲೆ ಹಿಂಡಿದಳು, ಬೀಜ ಬೀಳದಂತೆ ಬೆರಳು ಅಡ್ಡ ಹಿಡಿದು.

"ಈಗ ತಿನ್ನು," ಎಂದಳು. "ಮಗು ಏಳೋದ್ರೊಳಗೆ ಒಂದಾದ್ರೂ ಮುಗ್ಸು."