ನಾಲ್ಕು ಕಡೆ ಕೂಡಿದ ಗೆರೆಗಳು

“ಅದನ್ನ ಅಡ್ಡ ಹಿಡೀಬ್ಯಾಡ್ರಿ ಅಕ್ಕಾ, ಗಾಜ ಐತಿ!”

ಅಕೀಬ ಒಳಗಿನಿಂದಲೇ ಕೂಗಿದ. ಕರುಣಾ ಕೈಯಲ್ಲಿದ್ದ ಫೋಟೋದ ಕಟ್ಟನ್ನು ನೆಟ್ಟಗೆ ಮಾಡಿಕೊಂಡು ಹೊಸ್ತಿಲು ದಾಟಿ, ಓಣಿಯ ಆಚೆಗಿನ ಗೋಡೆಗೆ ಮೆಲ್ಲಗೆ ಒರಗಿಸಿದಳು. ಅದು ಹನ್ನೊಂದನೆಯದು. ಹುಬ್ಬಳ್ಳಿಯ ಬೆಂಗೇರಿಯ ಆ ಮನೆಯ ಮುಂದಿನ ಕೋಣೆ ಅರ್ಧಕ್ಕರ್ಧ ಫೋಟೋ ಕಟ್ಟುಗಳಿಂದಲೇ ತುಂಬಿತ್ತು. ಅವನ್ನೆಲ್ಲ ಹೊರಗೆ ಸಾಗಿಸದ ಹೊರತು ಯಾಕೂಬಸಾಬರನ್ನು ಅಲ್ಲಿ ಮಲಗಿಸಲು ಜಾಗವಿರಲಿಲ್ಲ. ಬಂದವರು ಮುಖ ನೋಡಿ ಹೋಗುವುದಕ್ಕೂ ಇರಲಿಲ್ಲ.

ಬೆಳಗಿನ ನಮಾಜಿಗೆಂದು ಎದ್ದವರು, ಕೈಕಾಲು ತೊಳೆದುಕೊಳ್ಳುತ್ತ ಕೂತಲ್ಲೇ ಪಕ್ಕಕ್ಕೆ ವಾಲಿ ಪ್ರಾಣ ಬಿಟ್ಟಿದ್ದರು. ಎಪ್ಪತ್ತೆಂಟು ವರ್ಷ. ಅದರಲ್ಲಿ ಐವತ್ತು ವರ್ಷ ದುರ್ಗದಬೈಲಿನ ಒಂದು ಸಣ್ಣ ಅಂಗಡಿಯಲ್ಲಿ ಫೋಟೋಗಳಿಗೆ ಕಟ್ಟು ಹಾಕುತ್ತ ಕಳೆದಿದ್ದವು. ಮೊಣಕಾಲು ನೋವು ಹೆಚ್ಚಾದ ಮೇಲೆ ಅಂಗಡಿಯನ್ನು ಮಗ ಅಕೀಬನಿಗೆ ಬಿಟ್ಟು, ತಮ್ಮ ಪಾಲಿನ ಕೆಲಸವನ್ನು ಮನೆಗೆ ತರಿಸಿಕೊಳ್ಳುತ್ತಿದ್ದರು. ನಿನ್ನೆ ಸಂಜೆಯೂ ಎರಡು ಕಟ್ಟಿಗೆ ಮೊಳೆ ಹೊಡೆದಿದ್ದರಂತೆ.

ಕರುಣಾಗೆ ಅಕೀಬನ ಫೋನು ಬಂದಾಗ ಏಳು ಗಂಟೆ. ಪಕ್ಕದೂರಿನ ಮಾಳಮಡ್ಡಿಯ ಮನೆಯಲ್ಲಿ ಅಪ್ಪ ಗೋವಿಂದಪ್ಪ ಚಹಾ ಕುಡಿಯುತ್ತ ಕೂತಿದ್ದರು.

“ಹುಬ್ಬಳ್ಳಿ ಯಾಕೂಬ ಕಾಕಾ ತೀರಿಕೊಂಡ್ರಂತ ಅಪ್ಪಾ. ಹೋಗಿ ಬರ್ತೇನಿ,” ಎಂದಿದ್ದಳು.

ಅಪ್ಪ ಚಹಾದ ಬಸಿ ಕೆಳಗಿಟ್ಟರು. “ಎಷ್ಟೊತ್ತಿಗೆ ಒಯ್ತಾರ?” ಎಂದಷ್ಟೇ ಕೇಳಿದರು.

“ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಂದ ಅಕೀಬ.”

ಎಂಬತ್ತೆರಡು ವರ್ಷದ ಮನುಷ್ಯ ಸುಮ್ಮನೆ ಕೇಳಿದ ಮಾತು ಎಂದುಕೊಂಡು ಅವಳು ಸ್ಕೂಟರ್ ಏರಿದ್ದಳು.

ಹತ್ತು ಗಂಟೆಯ ಹೊತ್ತಿಗೆ ಓಣಿ ತುಂಬಿತು. ಅತ್ತರು, ಊದಿನಕಡ್ಡಿ, ಯಾರದೋ ಮನೆಯಿಂದ ಬಂದ ಚಹಾದ ಕಿಟಲಿ. ಹೆಂಗಸರ ಕೋಣೆಯಲ್ಲಿ ಯಾಕೂಬಸಾಬರ ಹೆಂಡತಿ ಮಾಬೂಬಿ ಗೋಡೆಗೊರಗಿ ಕೂತಿದ್ದರು. ಅತ್ತು ಅತ್ತು ದನಿ ಒಡೆದಿತ್ತು. ಅವರ ಬಲಕ್ಕೆ ಕೂತ ಜಯಮಾಲಾ ಎಂಬ ಹೆಂಗಸು ದುರ್ಗದಬೈಲಿನಲ್ಲಿ ಬಳೆ ಮಾರುವಾಕೆ. ಕರುಣಾ ಆಕೆಯನ್ನು ಹಿಂದೆ ನೋಡಿರಲಿಲ್ಲ.

“ನಮ್ಮ ಯಜಮಾನ್ರು ಹೋದಾಗ ರೇಷನ್ ಕಾರ್ಡಿನ ಫೋಟೋ ಒಯ್ದಿದ್ದೆರಿ,” ಎಂದಳು ಜಯಮಾಲಾ, ಯಾರನ್ನೂ ನಿರ್ದಿಷ್ಟವಾಗಿ ನೋಡದೆ. “ಇವ್ರು ಕೈಯಾಗ ಹಿಡದು ನೋಡಿ, ‘ತಂಗಿ, ನಿಮ್ಮ ಗಂಡ ಹಿಂಗ ಮಾರಿ ಗಂಟ ಹಾಕ್ಕೊಂಡ ಇರ್ತಿದ್ನೇನು?’ ಅಂದ್ರು. ‘ಇಲ್ಲರಿ, ಭಾಳ ನಗ್ತಿದ್ರು’ ಅಂದೆ. ‘ಹಂಗಾರ ನಗೂದು ಹುಡಿಕ್ಯೊಂಡ ಬಾ, ನಾ ಕಾಯ್ತೇನಿ’ ಅಂದ್ರು. ಎರಡು ದಿನ ಹುಡಿಕಿದೆ. ಯಾರದೋ ಮದುವಿ ಫೋಟೋದಾಗ, ಊಟದ ಪಂಕ್ತ್ಯಾಗ ನಗಾಕತ್ತಿದ್ದು ಸಿಕ್ತು. ಅದನ್ನ ದೊಡ್ಡದ ಮಾಡಿಸಿ ಕಟ್ಟು ಹಾಕಿಕೊಟ್ರು. ಈಗೂ ದಿನಾ ಮುಂಜಾನೆ ನೋಡ್ತೇನಿ. ನಗ್ತಾರ.”

“ಅವರ ಮನ್ಯಾಗ ಮಾತ್ರ ಒಂದೂ ಫೋಟೋ ಇಲ್ಲ ನೋಡ್ರಿ,” ಎಂದು ಯಾರೋ ಅಂದರು.

“ಇಡೀ ಊರಿನ್ವು ಇದ್ದುವಲ್ಲ, ಜಾಗಾ ಎಲ್ಲಿತ್ತು?” ಎಂದರು ಮಾಬೂಬಿ. ಅಳುವಿನ ನಡುವೆಯೇ ನಕ್ಕುಬಿಟ್ಟರು. ಉಳಿದವರೂ ನಕ್ಕರು.

ಕರುಣಾ ಎದ್ದು ಬಾಗಿಲಿಗೆ ಬಂದಳು. ಹೊರಗೆ ಪ್ರಬುದ್ಧ ನಿಂತಿದ್ದ. ಚಿತ್ರಕಲಾ ಶಾಲೆಯಲ್ಲಿ ಅವಳ ಸಹಪಾಠಿ. ಈಗ ಅಲ್ಲೇ ಮಾಸ್ತರ. ಉದ್ದಕ್ಕೆ ಬೆಳೆದವನು, ತಲೆ ತಗ್ಗಿಸಿ ಬಾಗಿಲೊಳಗೆ ಇಣುಕಿದ.

“ಮುಖಾ ನೋಡಿದೆ. ನಿದ್ದಿ ಮಾಡಿದಂಗ ಐತಿ,” ಎಂದ. “ನಿನ್ನೆ ಹುಡುಗರಿಗೆ, ಕಾಕಾ ನಿನಗ ತೋರಿಸಿದ್ರಲ್ಲ, ಅದೇ ಪರದೇಶದ ಫ್ಲೆಮಿಶ್ ಚಿತ್ರ ತೋರಿಸಿದ್ದೆ ನೋಡು. ಪ್ರತಿ ವರ್ಷ ತೋರಸ್ತೇನಿ. ಪ್ರತಿ ವರ್ಷ ಯಾವನರೆ ಒಬ್ಬ ಎದ್ದು ‘ಸರ್, ಇದು ತಪ್ಪೈತಿ’ ಅಂತಾನ.”

“ನೀ ಏನಂತೀ?”

“ಕಾಕಾ ಅಂದದ್ದೇ ಅಂತೇನಿ. ಅವರ ಹೆಸರು ಹೇಳೇ ಅಂತೇನಿ.”

*

ಅದು ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ಕರುಣಾ ಆಗ ಎರಡನೆಯ ವರ್ಷದ ವಿದ್ಯಾರ್ಥಿನಿ. ಪ್ರತಿ ಶನಿವಾರ ದುರ್ಗದಬೈಲಿಗೆ ಬಂದು ಯಾಕೂಬಸಾಬರ ಅಂಗಡಿಯಲ್ಲಿ ಕೊಯ್ದುಳಿದ ರಟ್ಟಿನ ತುಂಡುಗಳನ್ನು ಒಯ್ಯುವಳು. ಅವುಗಳ ಮೇಲೆಯೇ ಚಿತ್ರ ಬರೆಯುವಳು. ಯಾಕೂಬಸಾಬರು ಒಳ್ಳೆಯ ತುಂಡುಗಳನ್ನು ಬೇರೆ ತೆಗೆದಿಟ್ಟಿರುತ್ತಿದ್ದರು.

ಆ ಶನಿವಾರ ಅವಳು ಒಯ್ಯಲು ಬಂದಿರಲಿಲ್ಲ. ಮನೆಯಲ್ಲಿದ್ದ ರಟ್ಟನ್ನೆಲ್ಲ ಕಟ್ಟಿಕೊಂಡು ತಿರುಗಿ ಕೊಡಲು ಬಂದಿದ್ದಳು.

“ಬ್ಯಾಡ್ರಿ ಕಾಕಾ ಇನ್ನ. ನಾಪಾಸಾಗೇನಿ. ಅಪ್ಪಾ ಸಾಲಿ ಬಿಡಸ್ತಾರ. ಟೈಪಿಂಗ್ ಕಲಿ, ನೌಕರಿ ಹುಡುಕು ಅಂದಾರ.”

“ಏನ ಬರದಿದ್ದಿ?”

ಅವಳು ರಟ್ಟಿನ ಹೊರೆಯ ಅಡಿಯಿಂದ ಚಿತ್ರ ಎಳೆದು ತೋರಿಸಿದಳು. ಅಜ್ಜಿ ಮುದಕವ್ವನ ಕೋಣೆ. ನಡುವೆ ಅಜ್ಜಿ, ಎದುರಿನಿಂದ ಕಂಡಂತೆ. ಬೀಸುಕಲ್ಲು ಮೇಲಿನಿಂದ ಬಗ್ಗಿ ನೋಡಿದಂತೆ, ಹಿಟ್ಟೆಲ್ಲ ಕಾಣುವ ಹಾಗೆ. ಗೋಡೆಯ ಗೂಡಿನಲ್ಲಿದ್ದ ತಾಮ್ರದ ಚರಿಗೆ, ನೆಲದಲ್ಲಿ ಮಲಗಿದ ಮಗು ಕಣ್ಣೆತ್ತಿ ನೋಡಿದಂತೆ. ಮೂಲೆಯಲ್ಲಿ ಪರೀಕ್ಷಕರು ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದರು: ‘ದೂರ-ಹತ್ತಿರದ ತಿಳಿವಳಿಕೆ ಇಲ್ಲ.’

“ದೂರ ಹೋದಂಗ ಗೆರಿ ಎಲ್ಲಾ ಒಂದ ಚುಕ್ಕಿಗೆ ಹೋಗಿ ಕೂಡಬೇಕಂತರಿ. ನನ್ವು ಎಲ್ಲೆಲ್ಲೋ ಹೋಗ್ಯಾವ.”

ಯಾಕೂಬಸಾಬರು ಬಹಳ ಹೊತ್ತು ನೋಡಿದರು. ಆಮೇಲೆ ತಾವು ಕಟ್ಟು ಹಾಕಲೆಂದು ಹರವಿಕೊಂಡಿದ್ದ ಹಾಳೆಯ ಕಡೆ ತಿರುಗಿದರು. ನಿವೃತ್ತ ಪ್ರೊಫೆಸರೊಬ್ಬರು ಕೊಟ್ಟುಹೋದ ಪರದೇಶದ ಹಳೆಯ ಕ್ಯಾಲೆಂಡರಿನ ಹಾಳೆ ಅದು. ಆರುನೂರು ವರ್ಷಗಳ ಹಿಂದೆ ಫ್ಲೆಮಿಶ್ ಜನರ ಫ್ಲಾಂಡರ್ಸ್ ಎಂಬ ಸೀಮೆಯಲ್ಲಿ ಬರೆದ ಚಿತ್ರ ಎಂದು ಅವರು ಹೇಳಿದ್ದರಂತೆ. ಒಂದು ಚಿಕ್ಕ ಕೋಣೆ. ಕಿಟಕಿಯ ಪಕ್ಕ ಮಗುವನ್ನೆತ್ತಿಕೊಂಡ ತಾಯಿ. ಹಿತ್ತಾಳೆಯ ಬೋಗುಣಿ, ಬೆಂಚು, ಚೌಕಳಿ ಹಾಸುಗಲ್ಲಿನ ನೆಲ. ಕಿಟಕಿಯಾಚೆ ಬಲು ದೂರದಲ್ಲಿ ಒಂದು ಸೇತುವೆ, ಅದರ ಮೇಲೆ ಅಕ್ಕಿಕಾಳಿನಷ್ಟು ಒಬ್ಬ ಮನುಷ್ಯ.

“ಮುಂಜಾನಿಂದ ಇದನ್ನ ನೋಡಾಕತ್ತೇನಿ,” ಎಂದರು ಯಾಕೂಬಸಾಬರು. “ಆ ಸೇತುವಿ ಮ್ಯಾಲಿನ ಮನಶಾನ ತಲಿ ಮ್ಯಾಲ ಗಂಟ ಐತಿ ನೋಡು. ಬರದಾಂವ ಗಂಟಿಗೂ ನೆರಳ ಹಾಕ್ಯಾನ. ಅಷ್ಟ ದೂರ ಇದ್ದಾಂವನ್ನೂ ಬಿಟ್ಟಿಲ್ಲ.”

ಹಾಗೆಂದು ಚಿತ್ರದ ಮೇಲೆ ಗಾಜು ಹಾಸಿದರು. ಉದ್ದನೆಯ ಅಳತೆಪಟ್ಟಿ ಇಟ್ಟು, ಗಾಜಿನ ಮೇಲೆ ಗುರುತು ಮಾಡುವ ಮೇಣದ ಪೆನ್ಸಿಲನ್ನು ಅವಳ ಕೈಗೆ ಕೊಟ್ಟರು.

“ಎಳಿ. ಇವನ್ವು ಎಲ್ಲಿ ಕೂಡತಾವ ನೋಡೋಣು.”

ನೆಲದ ಗೆರೆಗಳನ್ನು ಅವಳು ಹಿಂದಕ್ಕೆ ಎಳೆದಳು. ಅವು ತಾಯಿಯ ಮೊಣಕಾಲಿನ ಹತ್ತಿರ ಕೂಡಿದವು. ಬೆಂಚಿನ ಗೆರೆಗಳು ಅದಕ್ಕೂ ಮೇಲೆ. ಕಿಟಕಿಯವು ಬಲಗಡೆ. ಮಾಡಿನ ತೊಲೆಗಳ ಗೆರೆಗಳು ಮತ್ತೆಲ್ಲೋ. ಅವಳು ಎರಡನೆಯ ಸಲ ಎಳೆದು ನೋಡಿದಳು. ಅಷ್ಟೇ.

“ಕಾಕಾ, ಇಂವನೂ ನಾಪಾಸ!”

ಯಾಕೂಬಸಾಬರು ನಗಲಿಲ್ಲ. “ನಾಕ ಕಡೆ ಕೂಡ್ಯಾವ,” ಎಂದರು. “ಆದ್ರ ಮನಿ ಬಿದ್ದಿಲ್ಲಲಾ. ಆರುನೂರ ವರ್ಷಾತು, ನಿಂತೇ ಐತಿ. ಯಾಕ ನಿಂತೈತಿ, ಅದನ್ನ ನೋಡು.”

ಅಂಗಡಿಯ ಮುಂದೆ ಟಾಂಗಾ, ಸೈಕಲ್, ಹಣ್ಣಿನ ಗಾಡಿಗಳ ಗದ್ದಲ. ಅವಳು ಸಂಜೆಯವರೆಗೆ ಅಲ್ಲೇ ಕೂತು ನೋಡಿದಳು. ಕೊನೆಗೆ ಕಂಡಿತು: ಗೆರೆಗಳು ಒಂದಕ್ಕೊಂದು ಒಪ್ಪದಿದ್ದರೂ ಬೆಳಕು ಒಂದೇ ಕಿಟಕಿಯಿಂದ ಬರುತ್ತಿತ್ತು. ಬೋಗುಣಿಯ ಅಂಚು, ಮಗುವಿನ ಕೆನ್ನೆ, ಬೆಂಚಿನ ಕಾಲು, ಎಲ್ಲಕ್ಕೂ ಅದೇ ಬೆಳಕು ತನ್ನ ಪಾಲು ಕೊಟ್ಟು ಹೋಗಿತ್ತು. ಕೋಣೆಯನ್ನು ಹಿಡಿದು ನಿಲ್ಲಿಸಿದ್ದು ಅದು.

ಅಜ್ಜಿಯ ಚಿತ್ರವನ್ನು ಅವಳು ಅಂಗಡಿಯಲ್ಲೇ ಬಿಟ್ಟು ಮನೆಗೆ ಹೋದಳು. ಅಪ್ಪನಿಗೆ ಹೇಳಿದಳು: ಸಾಲೆ ಬಿಡುವುದಿಲ್ಲ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಊಟ ಬಿಟ್ಟಳು. ಮೂರನೆಯ ದಿನ ಸಂಜೆ ಕಚೇರಿಯಿಂದ ಬಂದ ಅಪ್ಪ, ಚಪ್ಪಲಿ ಬಿಡುವ ಮೊದಲೇ, “ಮತ್ತ ಪರೀಕ್ಷಾಕ್ಕ ಕಟ್ಟು. ಚಿತ್ರಾನ ಬರಿ. ಮೊದಲ ಉಣ್ಣು,” ಎಂದಿದ್ದರು. ಒಂದು ವಾರದ ಮೇಲೆ ಯಾಕೂಬಸಾಬರು ಅಜ್ಜಿಯ ಚಿತ್ರಕ್ಕೆ ತೇಗದ ಕಟ್ಟು ಹಾಕಿ ಕೊಟ್ಟರು. “ಇದನ್ನ ಒಗೀಬ್ಯಾಡ,” ಎಂದರು.

ತನ್ನ ಉಪವಾಸಕ್ಕೆ ಅಪ್ಪ ಮಣಿದರೆಂದೇ ಕರುಣಾ ಇಲ್ಲಿಯವರೆಗೂ ನಂಬಿದ್ದಳು. ಮುಂದೆ ಅವಳು ಬರೆದ ಕೋಣೆಗಳ ಚಿತ್ರಗಳು ಮುಂಬೈ, ದಿಲ್ಲಿಯ ಗೋಡೆಗಳಿಗೆ ಹೋದವು. ಒಂದೊಂದೂ ಯಾಕೂಬಸಾಬರ ಕೈಯ ಕಟ್ಟಿನೊಳಗೆ ಕೂತೇ ಹೋಯಿತು.

*

ಯಾಕೂಬಸಾಬರಿಗೆ ಸ್ನಾನ ಮಾಡಿಸಿ ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದರು. ಹನ್ನೆರಡೂವರೆಯ ಸುಮಾರಿಗೆ ಓಣಿಯ ತುದಿಯಲ್ಲಿ ಒಂದು ಆಟೋ ನಿಂತಿತು. ಕೋಲು ಮೊದಲು ಹೊರಬಂತು, ಆಮೇಲೆ ಒಂದು ಕಾಲು. ಕರುಣಾ ನೋಡುತ್ತಲೇ ಓಡಿದಳು.

“ಅಪ್ಪಾ! ನೀವ್ಯಾಕ ಬಂದ್ರಿ? ಒಬ್ರೇ?”

ಗೋವಿಂದಪ್ಪ ಕೋಲೂರಿ ನಿಂತರು. ಅವಳ ತೋಳು ಹಿಡಿದು ಮನೆಯವರೆಗೆ ನಡೆದರು. ದಾರಿ ಕೇಳಲಿಲ್ಲ. ಯಾವ ಬಾಗಿಲೆಂದು ಅವರಿಗೆ ಗೊತ್ತಿತ್ತು. ಒಳಗೆ ಹೋಗಿ ಯಾಕೂಬಸಾಬರ ಮುಖದ ಮುಂದೆ ಕೈಮುಗಿದು ನಿಂತರು. ಬುದ್ಧವಿಹಾರದಲ್ಲಿ ನಿಲ್ಲುವಂತೆ ಕಣ್ಣು ಮುಚ್ಚಿ, ತುಟಿ ಮಾತ್ರ ಆಡಿಸುತ್ತ ನಿಂತರು.

“ಸಾಹೇಬ್ರು ಬಂದ್ರೇನು?” ಒಳಬಾಗಿಲ ಪರದೆಯ ಹಿಂದಿನಿಂದ ಮಾಬೂಬಿಯ ದನಿ. “ಕುಂಡರಸ ಅಕೀಬ ಅವರ್ನ.”

ಕರುಣಾ ಪರದೆಯನ್ನೂ ಅಪ್ಪನನ್ನೂ ನೋಡಿದಳು. “ನಿಮಗ ಅಪ್ಪಾ ಗೊತ್ತೇನ್ರಿ ಕಾಕು?”

“ಗೊತ್ತಿಲ್ದ ಏನವ್ವಾ. ಪ್ರತಿ ವರ್ಷ ಈದಿಗೆ ಬರ್ತಾರ, ನೀ ಇಲ್ಲಿ ಇಲ್ಲದ ಹೊತ್ತ ನೋಡಿ. ನಿನಗ ಹೇಳಬ್ಯಾಡ ಅಂತ ಇಬ್ಬರದೂ ಮಾತಾಗಿತ್ತು.”

ಗೋವಿಂದಪ್ಪ ಕುರ್ಚಿಯಲ್ಲಿ ಕೂತು ಕೋಲನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡರು.

“ಇನ್ನ ಹೇಳಬಹುದು,” ಎಂದರು. “ನೀ ಊಟಾ ಬಿಟ್ಟ ಮೂರನೇ ದಿನ ಇಂವ ನಮ್ಮ ಸರ್ವೆ ಆಫೀಸಿಗೆ ಬಂದಿದ್ದ. ಬಗಲಾಗ ನೀ ಬರದ ಚಿತ್ರ, ನೀ ಗೆರಿ ಎಳದಿದ್ದ ಗಾಜು. ‘ನಿಮ್ಮ ಮಗಳ ವಿಷಯ ಮಾತಾಡೋದೈತ್ರಿ’ ಅಂದ. ‘ಕಟ್ಟು ಹಾಕಾಂವ ನನಗ ಬುದ್ಧಿ ಹೇಳಾಕ ಬಂದಿ ಏನು’ ಅಂದೆ ನಾನು. ಎಲ್ಲಾರ ಮುಂದ ಅಂದೆ. ನಾವು ಜಾತಿ ಸಲುವಾಗಿ ಇನ್ನೊಬ್ಬರ ಬಾಯಾಗ ಅಂಥಾ ಮಾತ ಎಷ್ಟ ಕೇಳಿದವ್ರು. ಅದನ್ನ ಮರತು ನಾನೇ ಅಂದೆ.”

“ಕಾಕಾ ಹೊಂಟಹೋದ್ರೇನು?”

“ಇಲ್ಲ. ಹೊರಗ ಕಟ್ಟೀ ಮ್ಯಾಲ ಕೂತ. ಮಧ್ಯಾಹ್ನ ಊಟಕ್ಕ ಹೊರಗ ಬಂದ್ರ ಅಲ್ಲೇ ಇದ್ದ. ಎದ್ದು ನಿಂತು, ‘ಸಾಹೇಬ್ರ, ಒಂದ ಮಾತ ಕೇಳ್ತೇನಿ, ಆಮ್ಯಾಲ ಹೋಗ್ತೇನಿ. ಹೊಲಾ ಅಳೀಬೇಕಾದ್ರ ಒಂದ ಕಡೆ ನಿಂತು ಅಳೀತೀರೇನ್ರಿ?’ ಅಂದ. ‘ಹೆಂಗ ಬರ್ತದ? ನಾಕೂ ಮೂಲಿಗೆ ನಡದ ಹೋಗಬೇಕು’ ಅಂದೆ. ‘ನಿಮ್ಮ ಮಗಳೂ ನಡದ ಹೋಗ್ಯಾಳ ನೋಡ್ರಿ’ ಅಂತ ಚಿತ್ರ ಬಿಚ್ಚಿ ನನ್ನ ಕೈಯಾಗ ಕೊಟ್ಟ.”

ಗೋವಿಂದಪ್ಪನವರ ದನಿ ಇಳಿಯಿತು.

“ನಾನು ಅಲ್ಲೀತನಕ ಅದನ್ನ ನೋಡೇ ಇರ್ಲಿಲ್ಲ ಕರುಣಾ. ನಿನ್ನ ಮಾರ್ಕ್ಸ್ ಅಷ್ಟ ನೋಡಿದ್ದೆ. ಅದರಾಗ ನಮ್ಮವ್ವ ಕುಂತಿದ್ಲು. ಬೀಸುಕಲ್ಲು, ಮ್ಯಾಲಿಂದ ಬಗ್ಗಿ ನೋಡಿದ್ರ ಹೆಂಗ ಕಾಣ್ತಿತ್ತೋ ಹಂಗ. ನಾ ಸಣ್ಣಾಂವ ಇದ್ದಾಗ ನೆಲದ ಮ್ಯಾಲ ಮಲಕೊಂಡು ಆ ಚರಿಗಿ ನೋಡ್ತಿದ್ನಲ್ಲ, ಹಂಗ. ಆಫೀಸಿನ ಕಟ್ಟೀ ಮ್ಯಾಲ ಕೂತು ಅತ್ತಬಿಟ್ಟೆ. ಇಂವ ನೀರ ತಂದ ಕೊಟ್ಟ.”

“ಅವತ್ತ ಅಂಗಡಿ ಮುಚ್ಚಿ ಹೋಗಿದ್ರು,” ಎಂದರು ಮಾಬೂಬಿ ಪರದೆಯ ಆಚೆಯಿಂದ. “ಶುಕ್ರವಾರ ಬಿಟ್ಟರ ಎಂದೂ ಮುಚ್ಚಿದವ್ರಲ್ಲ.”

“ನನಗ ಯಾಕ ಹೇಳಲಿಲ್ಲ ಅಪ್ಪಾ?” ಎಂದಳು ಕರುಣಾ. “ಅವರಿಗೆ ಒಂದ ಮಾತ ಅನ್ನತಿದ್ದೆ.”

“ನಾನೂ ಕೇಳಿದೆ. ‘ಬ್ಯಾಡ್ರಿ ಸಾಹೇಬ್ರ, ಅಪ್ಪನ ಬಾಯಾಗಿಂದ ಬಂದ ಮಾತು ಅಂತ ಇರ್ಲಿ. ಮಗಳಿಗೆ ಅದ ಬೇಕಾಗೈತಿ’ ಅಂದ. ನೀ ಅವನ ಹೆಸರ ಎಲ್ಲಾ ಕಡೆ ಹೇಳ್ತಿದ್ದಿ, ಪೇಪರಿನ್ಯಾಗ ಬರ್ತಿತ್ತು. ನಾ ಅದನ್ನ ಕತ್ತರಿಸಿ ಈದಿಗೆ ತಂದ ಕೊಡ್ತಿದ್ದೆ. ಅವನಿಗೆ ಕನ್ನಡ ಓದಾಕ ಬರ್ತಿರ್ಲಿಲ್ಲ. ನಾನ ಓದಿ ಹೇಳ್ತಿದ್ದೆ.”

ಕರುಣಾ ಅಪ್ಪನ ಪಕ್ಕ ನೆಲದ ಮೇಲೆ ಕೂತಳು. ಸಿಟ್ಟು ಬರಬಹುದಿತ್ತೇನೋ, ಬರಲಿಲ್ಲ. ತನ್ನ ಬದುಕಿನ ಒಂದು ಸಂಜೆ, ಚಪ್ಪಲಿ ಬಿಡದೆ ನಿಂತ ಅಪ್ಪ, “ಮೊದಲ ಉಣ್ಣು” ಎಂಬ ಮಾತು, ಎಲ್ಲವೂ ಇದ್ದಲ್ಲೇ ಇದ್ದವು. ಅವುಗಳ ಹಿಂದೆ ಒಬ್ಬ ಮನುಷ್ಯ ಬಿಸಿಲಲ್ಲಿ ಕಾಯುತ್ತ ಕೂತಿದ್ದು ಮಾತ್ರ ಈಗ ಕಂಡಿತು. ಅವಳು ಯಾಕೂಬಸಾಬರ ಕಡೆ ತಿರುಗಿ ತಲೆಬಾಗಿದಳು. ಹಣೆ ನೆಲಕ್ಕೆ ತಾಕಿತು. ಹಾಗೆಯೇ ತುಸು ಹೊತ್ತು ಇದ್ದಳು. ಅಪ್ಪನ ಕೈ ಅವಳ ಬೆನ್ನ ಮೇಲಿತ್ತು.

ಮಸೀದಿಯಿಂದ ಕರೆ ಕೇಳಿತು. ಯಾಕೂಬಸಾಬರನ್ನು ಮಲಗಿಸಿದ ಮಂಚ, ಜನಾಜಾ, ಎತ್ತುವ ಹೊತ್ತು. ಹೆಂಗಸರೆಲ್ಲ ಬಾಗಿಲಿಗೆ, ಕಿಟಕಿಗೆ ಬಂದರು. ಮುಂದೆ ಅಕೀಬ, ಅವನ ಪಕ್ಕ ಓಣಿಯ ಹಿರಿಯ ಗೌಸಮೊದ್ದೀನ, ಹಿಂದೆ ಪ್ರಬುದ್ಧ ಮತ್ತು ಇನ್ನೊಬ್ಬರು ಹೆಗಲು ಕೊಟ್ಟರು. ನಾಲ್ಕು ಹೆಜ್ಜೆಗೊಬ್ಬರಂತೆ ಹೆಗಲು ಬದಲಿಸಲು ಜನ ಸುತ್ತ ಸೇರುತ್ತಿದ್ದರು.

“ನಾನೂ ಕೊಡ್ತೇನಿ,” ಎಂದರು ಗೋವಿಂದಪ್ಪ.

“ಅಪ್ಪಾ, ನಿಮ್ಮ ಕೈಲೆ ಆಗೂದಿಲ್ಲ.”

“ನಾಕ ಹೆಜ್ಜಿ.” ಕೋಲನ್ನು ಮಗಳ ಕೈಗೆ ಕೊಟ್ಟು ಅವರು ಜನರ ನಡುವೆ ನಡೆದೇಬಿಟ್ಟರು.

ಗೌಸಮೊದ್ದೀನ ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಗೋವಿಂದಪ್ಪನವರ ಹೆಗಲು ಜನಾಜಾ ಹೊರುವ ದಂಡಿಗೆಗೆ ನಿಲುಕಲಿಲ್ಲ. ಬೆನ್ನು ಬಾಗಿ ಎಷ್ಟೋ ವರ್ಷವಾಗಿತ್ತು. ಒಂದು ಗೇಣು ಕೆಳಗೇ ಉಳಿಯಿತು. ಅವರು ಕೈ ಮೇಲೆ ಮಾಡಿ ದಂಡಿಗೆಯನ್ನು ಬರೀ ಮುಟ್ಟಿಕೊಂಡು ನಡೆಯತೊಡಗಿದರು. ಪಕ್ಕದಲ್ಲಿದ್ದ ಅಕೀಬ ಅದನ್ನು ನೋಡಿದ. ಹಿಂದೆ ತಿರುಗಿ ಪ್ರಬುದ್ಧನಿಗೆ ಏನೋ ಅಂದ. ಅಕೀಬ ಮೊಣಕಾಲು ಬಗ್ಗಿಸಿದ. ಹಿಂದಿನ ಇಬ್ಬರೂ ಬಗ್ಗಿಸಿದರು. ಜನಾಜಾ ಎಲ್ಲೂ ವಾಲದೆ, ನಿಧಾನವಾಗಿ, ಒಂದೇ ಸಮನೆ ಕೆಳಗಿಳಿದು ಗೋವಿಂದಪ್ಪನವರ ಹೆಗಲ ಮೇಲೆ ಕೂತಿತು.

ಓಣಿಯ ತಿರುವಿನವರೆಗೂ ಆ ಮೂವರೂ ಹಾಗೆಯೇ, ಕಾಲು ಬಗ್ಗಿಸಿಯೇ ನಡೆದರು.