ಅತ್ತೆಯ ಮೇಲೆ ಅಂಟಿದವರು

ಚಿಕ್ಕಂದಿನಿಂದ ಕಾಗದ, ಬಟ್ಟೆಯ ಚೂರುಗಳನ್ನು ಆಯ್ದು ಅಂಟಿಸುತ್ತ ಕೂರುತ್ತಿದ್ದವಳಿಗೆ ಚಿಂದಿರಾಣಿ ಎಂದು ಹೆಸರಿಟ್ಟವನೇ ದೊಡ್ಡಪ್ಪ. ಅವಳ ಚಿತ್ರಗಳನ್ನು ಜನ ಹುಡುಕಿಕೊಂಡು ಬರತೊಡಗಿದ ಮೇಲೆ ಅದೇ ದೊಡ್ಡಪ್ಪ ಮಾತಿಗೆ ಬೆಣ್ಣೆ ಸವರುತ್ತ, ಹೊಸ ಮನೆಯ ಹಜಾರಕ್ಕೆ ಇಡೀ ವಂಶದ ಚಿತ್ರ ಮಾಡಿಕೊಡು ಎಂದ. ಇಡೀ ವಂಶ ಎಂದರೆ ಇಡೀ ವಂಶವೇ ಎಂದು ಅವಳು ತಿಳಿದದ್ದೇ ತಪ್ಪಾಯಿತು ನೋಡಿ.

ಹೊಸ ಮನೆ ನೋಡಲು ನೆಂಟರು ಬರುವ ದಿನ ಬೆಳಿಗ್ಗೆ ಚಿತ್ರದ ಹೊದಿಕೆ ತೆಗೆದಳು. ಅಜ್ಜನ ದವಡೆ ಹಳೆಯ ಕೋಟಿನ ಅಸ್ತರಿನದು, ದೊಡ್ಡಮ್ಮನ ಕೆನ್ನೆ ಕಿಟಕಿ ಪರದೆಯದು. ನಟ್ಟನಡುವೆ, ಟೈರಿನ ಟ್ಯೂಬು ಕತ್ತರಿಸಿ ಮಾಡಿದ ಕಪ್ಪು ಮುಖದಲ್ಲಿ ಸೋದರತ್ತೆ ನಗುತ್ತಿದ್ದಳು.

ಹೊಡೆಯುವ ಗಂಡನನ್ನು ಬಿಟ್ಟು ಬಂದ ತಂಗಿಗೆ ಬಾಗಿಲು ಹಾಕಿದವನು ಈ ದೊಡ್ಡಪ್ಪ. ಆಮೇಲೆ ಮನೆಯ ಫೋಟೋಗಳಿಂದಲೂ ಅವಳನ್ನು ಕತ್ತರಿಸಿ ಎಸೆದ. ಅತ್ತೆ ಮೂಲೆ ಹಿಡಿದು ಅಳುತ್ತ ಕೂರಲಿಲ್ಲ, ಪಂಕ್ಚರ್ ಅಂಗಡಿ ಇಟ್ಟಳು. ಅಂಟು ಹಚ್ಚುವುದನ್ನು ಚಿಂದಿರಾಣಿ ಕಲಿತದ್ದೂ ಅಲ್ಲೇ, ಕದ್ದುಮುಚ್ಚಿ ಹೋಗಿ.

"ಅವಳನ್ನ ಕಿತ್ತು ಹಾಕು. ನೆಂಟರ ಮುಂದೆ ನನ್ನ ಮರ್ಯಾದೆ ತೆಗೀಬೇಡ" ಎಂದ ದೊಡ್ಡಪ್ಪ.

"ಕೀಳೋಕಾಗಲ್ಲ ದೊಡ್ಡಪ್ಪ. ಮೊದಲು ಅಂಟಿಸಿದ್ದೇ ಅತ್ತೇನ. ನೀವೆಲ್ಲ ಅವಳ ಮೇಲೆ ಅಂಟಿಕೊಂಡಿದ್ದೀರಿ. ಅವಳನ್ನ ಕಿತ್ತರೆ ನೀವೂ ಬರ್ತೀರಿ."

ದೊಡ್ಡಪ್ಪ ನಂಬಲಿಲ್ಲ. ಅತ್ತೆಯ ಮುಖದಂಚಿಗೆ ಉಗುರು ಹಾಕಿ ಎಬ್ಬಿದ. ಪಕ್ಕದಲ್ಲಿದ್ದ ಅವನದೇ ಕಿವಿ ಎದ್ದು ಬಂತು. ದೊಡ್ಡಮ್ಮ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡಳು.

ಆಗ ದೊಡ್ಡಪ್ಪ ದನಿ ತಗ್ಗಿಸಿ, ಆ ಮುಖದ ಮೇಲೊಂದು ಹೂಕುಂಡ ಅಂಟಿಸಿಬಿಡು, ಯಾರಿಗೂ ಗೊತ್ತಾಗುವುದಿಲ್ಲ ಎಂದು ಪುಸಲಾಯಿಸಿದ. ಅವಳು ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

"ಹಾಗಾದ್ರೆ ಅವಳಿಗೆ ಹಾಕಿದ ಬಾಗಿಲೇ ನಿನಗೂ. ಯೋಚನೆ ಮಾಡು."

ಅಪ್ಪ ಸತ್ತ ಮೇಲೆ ಚಿಂದಿರಾಣಿಯ ಕೈಹಿಡಿದು ಶಾಲೆಗೆ ಬಿಟ್ಟವನು ಇವನೇ. ಈ ಮನೆ ಬಿಟ್ಟರೆ ಅವಳಿಗೆ ತನ್ನವರೆಂಬ ಇನ್ನೊಂದು ಮನೆಯಿರಲಿಲ್ಲ. ಅಳು ಬಂತು. ಅದರ ಹಿಂದೆಯೇ ಕೆಟ್ಟ ಸಿಟ್ಟೂ ಬಂತು. ಇಷ್ಟು ಸಲೀಸಾಗಿ ಒಬ್ಬ ಮನುಷ್ಯ ಎಷ್ಟು ಜನರನ್ನು ಕತ್ತರಿಸುತ್ತಾನೆ?

"ಯೋಚನೆ ಮಾಡಿದೆ. ಹೋಗ್ತೀನಿ, ಆದ್ರೆ ಒಬ್ಬಳೇ ಹೋಗಲ್ಲ."

ಚಿತ್ರವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಮೆಟ್ಟಿಲಿಳಿದಳು. ದೊಡ್ಡಪ್ಪ ಹಿಂದಿನಿಂದ ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.

ಅಂಗಡಿಯ ಮುಂದೆ ಅತ್ತೆ ಒಂದು ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಳು. ಎದುರಿಗಿಟ್ಟ ಚಿತ್ರ ನೋಡಿ ಪಂಪಿನ ಮೇಲಿನ ಕೈ ಹಾಗೇ ನಿಂತಿತು. ಇದೇನೇ ಇದು ಎಂದಳು.

"ತವರಿನವರು ಬಂದಿದ್ದಾರೆ ಅತ್ತೆ" ಎಂದಳು ಚಿಂದಿರಾಣಿ. "ಒಬ್ಬರನ್ನೂ ತಪ್ಪಿಸಿಕೊಳ್ಳೋಕೆ ಬಿಟ್ಟಿಲ್ಲ."