ಐದು ಪೈಲಟ್‌ಗಳು, ಒಂದು ಸೀಟು ಮತ್ತು ‘ರೆ’

೧

ಎಲ್ಲಿಂದ ಶುರು ಮಾಡಲಿ? ಆಕಾಶದಿಂದ ಶುರು ಮಾಡಿದರೆ ಇದೊಂದು ಹೆಲಿಕಾಪ್ಟರ್ ಕಥೆ ಎಂದು ನೀವು ಹುರುಪಿನಿಂದ ಕೂರುತ್ತೀರಿ. ಆದರೆ ಕಥೆಯ ಹೆಚ್ಚಿನ ಪಾಲು ನಡೆಯುವುದು ನೆಲದ ಮೇಲೆ, ಅದೂ ಸಾಮಾನು ತೂಗುವ ಯಂತ್ರದ ಅಕ್ಕಪಕ್ಕದಲ್ಲಿ. ಹಾಗಂತ ತೂಕದ ಯಂತ್ರದಿಂದ ಶುರು ಮಾಡಿದರೆ ನೀವು ಆಕಳಿಸಿ ಪುಟ ತಿರುಗಿಸುತ್ತೀರಿ. ನನಗೆ ಗೊತ್ತು. ಮಕ್ಕಳಿಗೆ ಭೌತಶಾಸ್ತ್ರ ಕಲಿಸಿ ಕಲಿಸಿ ಆಕಳಿಕೆಯ ವಿಷಯದಲ್ಲಿ ನಾನು ಪರಿಣತಳಾಗಿದ್ದೇನೆ.

ಮೊದಲ ಡ್ರಾಫ್ಟ್ ಹೀಗಿತ್ತು: ‘ಒಕವಾಂಗೊ ಜೌಗಿನ ಮೇಲೆ ಸೂರ್ಯ ಮುಳುಗುತ್ತಿದ್ದ. ಕೆಂಪು ನೀರಿನಲ್ಲಿ ಆನೆಗಳ ಹಿಂಡು...’

ಇದನ್ನು ಇಂಗ್ಲಿಷಿಗೆ ತಿರುಗಿಸಿ ಮೋಸಾಗೆ ಓದಿ ಹೇಳಿದೆ. ಅವಳೇ ಕಥಾನಾಯಕಿ, ಒಂದು ಕಾಲದಲ್ಲಿ ನನ್ನ ಕ್ಲಾಸಿನ ಹಿಂದಿನ ಬೆಂಚಿನವಳು. ನನ್ನ ಅಡುಗೆಮನೆಯಲ್ಲಿ ಮಗ್ವಿನ್ಯಾ ಎಂಬ ಎಣ್ಣೆಯಲ್ಲಿ ಕರಿಯುವ ಉಂಡೆಗೆ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಟೀಚರ್, ಇದು ಟೂರಿಸ್ಟ್ ಕಂಪನಿಯ ಜಾಹೀರಾತು. ಆ ಆನೆಗಳನ್ನ ವಾಪಸ್ ಕಳಿಸಿ. ನನ್ನ ಕಥೇಲಿ ಆನೆ ಬೇಡ.”

ಆನೆಗಳನ್ನು ಹೊಡೆದು ಹಾಕಿದೆ. (ಪೆನ್ನಿನಿಂದ.)

೨

ಹೆಸರುಗಳ ಬಗ್ಗೆ ಒಂದು ಮಾತು. ಈ ಊರು ಮೌನ್, ಆಫ್ರಿಕಾದ ಒಕವಾಂಗೊ ಜೌಗಿನ ಅಂಚಿನಲ್ಲಿದೆ. ಬೆಳಗ್ಗೆಯಿಂದ ಸಂಜೆವರೆಗೆ ಪ್ರವಾಸಿಗಳನ್ನು ಹೊತ್ತ ಹೆಲಿಕಾಪ್ಟರ್‌ಗಳು ತಲೆಯ ಮೇಲೆ ಗಡಗಡ ಎನ್ನುವ ಊರಿಗೆ ಮೌನ್ ಎಂದು ಹೆಸರು. ಹುಡುಗಿಯ ಹೆಸರು ಮೋಸಾ. ಅವಳ ಸೆತ್ಸ್ವಾನಾ ಭಾಷೆಯಲ್ಲಿ ಅದಕ್ಕೆ ದಯೆ ಎಂಬ ಅರ್ಥ. ಕನ್ನಡದಲ್ಲಿ ಏನು ಅರ್ಥವೆಂದು ನಿಮಗೇ ಗೊತ್ತು. ಇವೆರಡೂ ನಾನು ಕಟ್ಟಿದ್ದಲ್ಲ, ಕನ್ನಡ ತಂದಿಟ್ಟ ಫಜೀತಿ. ನಾನು ಕಟ್ಟಿದ್ದು ಕಂಪನಿಯ ಹೆಸರನ್ನು ಮಾತ್ರ: ಬಿಳಿ ಬಕ ಹೆಲಿಕಾಪ್ಟರ್ಸ್. ಬಕ ನೀರಿನಲ್ಲಿ ಒಂಟಿ ಕಾಲಿನಲ್ಲಿ ನಿಂತು ಧ್ಯಾನ ಮಾಡುವ ಪಕ್ಷಿ. ಮೀನುಗಳಿಗೆ ಆ ಧ್ಯಾನದ ಅನುಭವ ಚೆನ್ನಾಗಿದೆ.

೩

ಈಗ ಸರಿಯಾಗಿ ಹೇಳುತ್ತೇನೆ.

ಮೋಸಾ ಸರ್ಕಾರದ ವಿದ್ಯಾರ್ಥಿವೇತನದಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಹೆಲಿಕಾಪ್ಟರ್ ಹಾರಿಸಲು ಕಲಿತು, ಕಮರ್ಷಿಯಲ್ ಲೈಸೆನ್ಸ್ ಹಿಡಿದು ಬಂದಳು. ಅವಳನ್ನು ಸಾಕಿದ್ದು ಸೋದರಮಾವ ಮೊಥೂಸಿ. ಅವನು ಜೌಗಿನಲ್ಲಿ ಉದ್ದನೆಯ ಕೋಲು ಊರಿ ದೋಣಿ ನಡೆಸಿ ಪ್ರವಾಸಿಗಳನ್ನು ಸುತ್ತಾಡಿಸುವವನು. ಹೆಲಿಕಾಪ್ಟರ್ ಎಂದರೆ ಅವನಿಗೆ ಆಗದು.

“ಅಷ್ಟು ಕಷ್ಟಪಟ್ಟು ನೀರುಕುದುರೆ ಹತ್ರ ದೋಣಿ ತಗೊಂಡು ಹೋಗಿರ್ತೀನಿ. ಮೇಲಿಂದ ನಿಮ್ಮೋರು ಗಡಗಡ ಅಂತ ಬಂದು ಅದನ್ನ ಓಡಿಸ್ತಾರೆ. ಇನ್ಮೇಲೆ ನೀನೇ ಬಂದು ಓಡಿಸು. ಕೊನೇಪಕ್ಷ ಬೈಯೋಕೆ ನಮ್ಮನೆಯೋಳೇ ಸಿಕ್ತಾಳೆ.”

ಬಿಳಿ ಬಕದವರು ಕೆಲಸದ ಪತ್ರ ಕೊಟ್ಟರು. ಮಾವ ಅದನ್ನು ಪಕ್ಕದ ಮನೆಯವರಿಗೆಲ್ಲ ತೋರಿಸಿಕೊಂಡು ಬಂದ. ನನಗೆ ತೋರಿಸಿದಾಗ ಮೇಷ್ಟರ ಚಾಳಿಯಂತೆ ಕೂಡಲೇ ತಪ್ಪು ಹುಡುಕಿದೆ. ಪತ್ರದ ಸಾರ ಕನ್ನಡದಲ್ಲಿ ಹೀಗೆ: ಸೀಸನ್ ಚೆನ್ನಾಗಿ ಬಂದರೆ, ಬುಕಿಂಗ್ ತುಂಬಿದರೆ, ವಿಮೆಯವರು ಒಪ್ಪಿದರೆ, ಈಗಿರುವ ಪೈಲಟ್ ಊರಿಗೆ ಹೋದರೆ, ನೀವು ನಮ್ಮ ಪೈಲಟ್.

ನೋಡಿ, ಇಡೀ ಹೆಲಿಕಾಪ್ಟರ್ ಒಂದು ‘ರೆ’ ಪ್ರತ್ಯಯಕ್ಕೆ ನೇತುಬಿದ್ದಿದೆ. ಅಷ್ಟು ಸಣ್ಣ ಅಕ್ಷರ ಅಷ್ಟು ಭಾರ ಹೊರುವುದು ಭೌತಶಾಸ್ತ್ರದಲ್ಲಂತೂ ಸಾಧ್ಯವಿಲ್ಲ.

“ಎಲ್ಲರಿಗೂ ಹೀಗೇ ಕೊಡ್ತಾರೆ ಟೀಚರ್,” ಎಂದಳು ಮೋಸಾ. “ಹಾರಾಟದ ಗಂಟೆ ಕಮ್ಮಿ ಇದ್ರೆ ಯಾರೂ ಕೆಲಸ ಕೊಡಲ್ಲ. ಕೆಲಸ ಇಲ್ದಿದ್ರೆ ಗಂಟೆ ಎಲ್ಲಿಂದ ಬರುತ್ತೆ? ಒಳಗೆ ಕಾಲಿಟ್ರೆ ಸಾಕು ಅಂತ.”

ಒಳಗೆ ಕಾಲಿಟ್ಟಳು. ಸೀಟು ಖಾಲಿಯಾಗುವವರೆಗೆ ಕೌಂಟರಿನಲ್ಲಿರು ಎಂದರು. ಪ್ರವಾಸಿಗಳನ್ನು ಒಬ್ಬೊಬ್ಬರನ್ನಾಗಿ ತೂಕದ ಯಂತ್ರದ ಮೇಲೆ ನಿಲ್ಲಿಸಿ ಬರೆದುಕೊಳ್ಳುವುದು, ಭಾರ ನೋಡಿ ಯಾರು ಎಡಕ್ಕೆ ಯಾರು ಬಲಕ್ಕೆ ಎಂದು ಹೇಳುವುದು, ಇಳಿದು ಬಂದವರಿಗೆ ತಣ್ಣನೆಯ ನೀರು ಕೊಡುವುದು, ಗಾಜಿಗೆ ಅಂಟಿದ ಹುಳ ಒರೆಸುವುದು. ಸೀಸನ್ ಬಂತು. ಬುಕಿಂಗ್ ತುಂಬಿತು. ವಿಮೆಯವರು ಗಂಟೆ ಸಾಲದು ಎಂದರು, ಆಮೇಲೆ ನೋಡೋಣ ಎಂದರು. ಹಳೆಯ ಪೈಲಟ್ ಮಾತ್ರ ಊರಿಗೆ ಹೋಗಲಿಲ್ಲ. ಅವನಿಗೆ ಇಲ್ಲೊಬ್ಬ ಗೆಳತಿ ಸಿಕ್ಕಿದ್ದಳು.

೪

(ಇಲ್ಲಿ ಮೋಸಾ ಒಂದು ಸಂಜೆ ನದಿ ದಂಡೆಯಲ್ಲಿ ಕೂತು ಹಾರುವ ಹಕ್ಕಿಗಳನ್ನು ನೋಡಿ ಕಣ್ಣೀರು ಹಾಕುವ ಪ್ಯಾರಾ ಇತ್ತು. “ನಾನ್ಯಾವತ್ತು ಹಕ್ಕಿ ನೋಡ್ಕೊಂಡು ಅತ್ತೆ?” ಎಂದು ರೇಗಿದಳು. ತೆಗೆದುಹಾಕಿದೆ.)

ಅವಳು ನಿಜವಾಗಿ ಮಾಡುತ್ತಿದ್ದದ್ದು ಬೇರೆ. ನಾನು ಸ್ಕೂಲಿನಿಂದ ಬಂದಾಗ ಎಷ್ಟೋ ಸಲ ನೋಡಿದ್ದೇನೆ. ನನ್ನ ಅಡುಗೆಮನೆಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದಳು. ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಪೊರಕೆಯ ಹಿಡಿ, ಎರಡು ಪಾದಗಳ ಕೆಳಗೆ ನನ್ನ ಹವಾಯಿ ಚಪ್ಪಲಿ. ಕಣ್ಣು ಮುಚ್ಚಿರುತ್ತಿತ್ತು. ಪೊರಕೆ ಮೆಲ್ಲಗೆ ಮೇಲೇಳುತ್ತಿತ್ತು, ಸೌಟು ಕೂದಲೆಳೆಯಷ್ಟು ಮುಂದೆ ಬಾಗುತ್ತಿತ್ತು, ಎಡಗಾಲಿನ ಚಪ್ಪಲಿ ತುಸು ಒತ್ತುತ್ತಿತ್ತು.

ಮೊದಲ ಸಲ ನಗು ಬಂತು. “ಎಲ್ಲಿಗೆ ಹೊರಟಿದ್ದೀಯೇ?” ಎಂದೆ.

ಕಣ್ಣು ಬಿಡಲಿಲ್ಲ. “ಎಲ್ಲಿಗೂ ಇಲ್ಲ. ಒಂದೇ ಕಡೆ ನಿಂತಿದ್ದೀನಿ, ಗಾಳೀಲಿ. ಅದೇ ಕಷ್ಟ.” ಪೊರಕೆಯನ್ನು ತುಸು ಇಳಿಸಿ, “ಕೈ ಮರೆತುಬಿಟ್ರೆ ಅಂತ ಹೆದರಿಕೆ ಆಗುತ್ತೆ, ಟೀಚರ್. ಸೀಟು ಸಿಗೋ ಹೊತ್ತಿಗೆ ನಾನು ಪೈಲಟ್ಟಾಗೇ ಉಳಿದಿಲ್ದಿದ್ರೆ?”

ಇದಕ್ಕೆ ಲೇಖಕಿಯಾಗಿ ಒಂದು ಒಳ್ಳೆಯ ಸಾಲು ಬರೆದು ನನ್ನ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಅವತ್ತು ನಾನು ಹೇಳಿದ್ದು ಇಷ್ಟೇ: “ಸೌಟು ಕೊಡು, ಸಾರು ತಳ ಹತ್ತುತ್ತಿದೆ.”

೫

ಮುನ್ಯಾ ಬರುವುದು ಇಲ್ಲಿ.

ಅವನು ಜಿಂಬಾಬ್ವೆಯವನು, ಮೋಸಾಳಷ್ಟೇ ಹೊಸ ಪೈಲಟ್. ಬಸ್ಸಿನಲ್ಲಿ ಬಂದು, ನದಿ ಪಕ್ಕದ ಕ್ಯಾಂಪಿನಲ್ಲಿ ಡೇರೆ ಹಾಕಿಕೊಂಡು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕಂಪನಿಯಿಂದ ಕಂಪನಿಗೆ ಅಲೆಯುತ್ತಿದ್ದ. (ಡೇರೆಯಲ್ಲಿ ಇಸ್ತ್ರಿ ಹೇಗೆ ಮಾಡುತ್ತಿದ್ದ? ಕೇಳಿದೆ. ಹಾಸಿಗೆ ಕೆಳಗಿಟ್ಟು ಮಲಗುತ್ತಿದ್ದನಂತೆ.) ಒಂದು ಬೆಳಗ್ಗೆ ಬಿಳಿ ಬಕದ ಕೌಂಟರಿಗೆ ಬಂದು, “ನನ್ನ ಸೀಟು ಖಾಲಿಯಾಯ್ತಾ ಅಂತ ಕೇಳೋಣ ಅಂತ ಬಂದೆ,” ಎಂದ.

“ಯಾವ ಸೀಟು?”

“ಹಳೇ ಪೈಲಟ್ ಊರಿಗೆ ಹೋದ್ರೆ ನನಗೆ ಅಂದಿದ್ರಲ್ಲ.”

ಮೋಸಾ ಪತ್ರ ತೋರಿಸು ಎಂದಳು. ತನ್ನ ಪತ್ರವೇ. ಹೆಸರು ಮಾತ್ರ ಬೇರೆ. ಕ್ಯಾಂಪಿನಲ್ಲಿ ಕಾಯುತ್ತಿದ್ದ ಇನ್ನೂ ಮೂವರ ಬಳಿ ಅದೇ ಪತ್ರ ಇದೆಯೆಂದು ಅವನೇ ಹೇಳಿದ. ಆ ಮೂವರಿಗೆ ನಾನು ಹೆಸರಿಡುವುದಿಲ್ಲ. ಕಥೆ ಹಾಜರಿ ಪುಸ್ತಕವಾಗಿಬಿಡುತ್ತದೆ.

“ನನಗೆ ಜಾಂಬಿಯಾದಲ್ಲಿ ಒಂದು ಕಡೆ ಕರೀತಾ ಇದ್ರು,” ಎಂದ ಮುನ್ಯಾ. “ಅಲ್ಲಿ ಈಗ ಕೌಂಟರ್ ಕೆಲಸ, ಮುಂದೆ ನೋಡೋಣ ಅಂದ್ರು. ಇಲ್ಲಿ ಸೀಟೇ ಇದೆಯಲ್ಲ ಅಂತ ಹೋಗ್ಲಿಲ್ಲ.”

ಮೋಸಾಗೆ ಸಿಟ್ಟು ಬಂದದ್ದು ಆಗ. ತನಗೆ ಸೀಟು ಸಿಗಲಿಲ್ಲ ಎಂದಲ್ಲ. ಸಿಗುವುದಿಲ್ಲ ಎಂದು ಯಾರೂ ಹೇಳಲಿಲ್ಲ ಎಂದು.

೬

ಮುಂದಿನದು ನಡೆದಾಗ ನಾನು ಅಲ್ಲಿರಲಿಲ್ಲ. ಮೋಸಾ ಮತ್ತು ಮುನ್ಯಾ ಬೇರೆ ಬೇರೆಯಾಗಿ ಹೇಳಿದ್ದನ್ನು ಸೇರಿಸಿ ಹೊಲಿದಿದ್ದೇನೆ. ಹೊಲಿಗೆ ಕಂಡರೆ ಕಾಣಲಿ.

ಮರುದಿನ ಪ್ರವಾಸಿಗಳು ತುಂಬಿದ್ದ ಹೊತ್ತಿನಲ್ಲಿ, ಐವರೂ ಬಿಳಿ ಅಂಗಿ ತೊಟ್ಟು ಸಾಲಾಗಿ ಬಂದರು. ಒಬ್ಬರನ್ನೊಬ್ಬರು ಹಿಡಿದುಕೊಂಡು ತೂಕದ ಯಂತ್ರವನ್ನು ಹತ್ತಿದರು. ಮೋಸಾ ಎಲ್ಲರಿಗಿಂತ ಮುಂದೆ. ಮ್ಯಾನೇಜರ್ ರೂಲೊಫ್ ಒಳಗಿನಿಂದ ಬಂದ.

“ಏನಿದು? ಇಳೀರಿ ಕೆಳಗೆ.”

“ಒಂದು ನಿಮಿಷ ರ್ರಾ,” ಎಂದಳು ಮೋಸಾ. ಇಲ್ಲಿ ಗಂಡಸರನ್ನು ಗೌರವದಿಂದ ಕರೆಯುವುದು ಹಾಗೆ; ಸಿಟ್ಟಿನಲ್ಲೂ ಅವಳು ಅದನ್ನು ಬಿಡಲಿಲ್ಲ. “ಒಂದೇ ಸೀಟನ್ನ ನಮ್ಮ ಐದೂ ಜನಕ್ಕೆ ಕೊಟ್ಟಿದ್ದೀರಲ್ಲ. ಹಿಡಿಸ್ತೀವಾ ಅಂತ ತೂಗಿ ನೋಡ್ತಿದ್ದೀವಿ.”

ಬಿಸಿಲಿಗೆ ಕೆಂಪಾಗಿದ್ದ ಒಬ್ಬ ಅಜ್ಜಿ ಕ್ಯಾಮೆರಾ ಕೆಳಗಿಳಿಸಿ ಕೇಳಿದಳು: “ಇವರಲ್ಲಿ ನಮ್ಮನ್ನ ಹಾರಿಸೋರು ಯಾರು?”

“ನಾವ್ಯಾರೂ ಅಲ್ಲಮ್ಮ,” ಎಂದ ಮುನ್ಯಾ. “ನಮ್ಮನ್ನೇ ಇವರು ಹಾರಿಸ್ತಿದ್ದಾರೆ.”

ಜನ ನಕ್ಕರು. ರೂಲೊಫ್‌ನ ಕಿವಿ ಕೆಂಪಾಯಿತು. ಅವನನ್ನು ಖಳನಾಯಕ ಮಾಡೋಣ ಎಂದು ಬಹಳ ಆಸೆಪಟ್ಟೆ. ಒಂದು ಡ್ರಾಫ್ಟಿನಲ್ಲಿ ಮೀಸೆಯನ್ನೂ ಕೊಟ್ಟಿದ್ದೆ. ಮೋಸಾ ಬಿಡಲಿಲ್ಲ. “ಅವನು ಕೆಟ್ಟೋನಲ್ಲ. ಇಲ್ಲ ಅನ್ನೋಕೆ ಬರದ ಮನುಷ್ಯ. ಅದೇ ತೊಂದರೆ.”

ರೂಲೊಫ್ ಅವಳೊಬ್ಬಳನ್ನೇ ಆಫೀಸಿಗೆ ಕರೆದ. ಅವಳು ಬಾಗಿಲು ಮುಚ್ಚಲಿಲ್ಲ.

“ನಾನೂ ಹೀಗೇ ಬಂದವನು ಮೋಸಾ. ಇದೇ ಹ್ಯಾಂಗರ್ ಗುಡಿಸಿದ್ದೀನಿ. ತಾಳ್ಮೆ ಬೇಕು.”

“ಗುಡಿಸಿದ್ದಕ್ಕೆ ನನಗೂ ಬೇಜಾರಿಲ್ಲ ರ್ರಾ.”

“ಮತ್ತೆ? ಯಾರಾದ್ರೂ ಕೈಕೊಟ್ರೆ ಇನ್ನೊಬ್ಬರು ಇರ್ಲಿ ಅಂತ ಎಲ್ಲ ಕಂಪನೀಲೂ ಹೀಗೆ ಮಾಡ್ತಾರೆ.” ದನಿ ತಗ್ಗಿಸಿದ. “ನೋಡು, ನೀನು ಇಲ್ಲಿಯವಳು. ಕೆಲಸದ ಪರ್ಮಿಟ್ ತಲೆನೋವಿಲ್ಲ. ಹೊರಗಿರೋರನ್ನ ಸಮಾಧಾನ ಮಾಡಿ ಕಳಿಸಿಬಿಡು. ಸೀಟು ಖಾಲಿಯಾದರೆ ನಿನಗೇ. ಮಾತು ಕೊಡ್ತೀನಿ.”

ಓದುಗರೇ, ಅವಳಿಗೆ ಆ ಸೀಟು ಬೇಕಿತ್ತು. ನನ್ನ ಸೌಟು ಹಿಡಿದು ಗಾಳಿಯಲ್ಲಿ ನಿಂತವಳು ಅವಳು. ಬಾಗಿಲಾಚೆ ನಾಲ್ವರು ಎಲ್ಲೋ ನೋಡುವವರ ಹಾಗೆ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

“ಖಾಲಿಯಾಗುತ್ತಾ?” ಎಂದು ಕೇಳಿದಳು.

“ಅದನ್ನ ಹೇಗೆ ಹೇಳಲಿ?”

“ಹಾಗಾದ್ರೆ ಇಲ್ಲ ಅಂತ ಬರೆದುಕೊಡಿ.”

“ಏನು?”

“ಕೆಲಸ ಇಲ್ಲ ಅಂತ. ಅವರ ನಾಲ್ಕು ಜನಕ್ಕೂ, ನನಗೂ. ಐದು ಕಾಗದ. ನಾವು ಕೆಲಸ ಕೇಳೋಕೆ ಬಂದಿಲ್ಲ ರ್ರಾ. ಇಲ್ಲ ಅನ್ನಿಸಿಕೊಳ್ಳೋಕೆ ಬಂದಿದ್ದೀವಿ.”

“ನಿನಗ್ಯಾಕೆ? ನಿನಗೆ ಹೂಂ ಅಂತಿದ್ದೀನಲ್ಲ!”

“ಅದು ಹೂಂ ಅಲ್ಲ. ಅದು ನನ್ನ ಬಾಯಿ ಮುಚ್ಚಿಸೋಕೆ ಕೊಡೋ ಮಿಠಾಯಿ. ಬರೀರಿ.”

ಅವನು ಕಾಗದದ ಕಟ್ಟು ಮುಂದಕ್ಕೆಳೆದುಕೊಂಡ, ಮತ್ತೆ ದೂರ ತಳ್ಳಿದ. ಹೊರಗೆ ಅಜ್ಜಿ ತನ್ನ ಸರದಿ ಯಾವಾಗ ಎಂದು ಕೇಳುತ್ತಿದ್ದಳು. ಕೊನೆಗೆ ಬರೆದ. ಐದಕ್ಕೂ ಸಹಿ ಹಾಕಿದ. ಐದನೆಯದನ್ನು ಕೊಡುವಾಗ, “ದಡ್ಡಿ ಕಣೇ ನೀನು,” ಎಂದ. ನಿಜವಾಗಿ ಬೇಜಾರಾಗಿತ್ತು ಅವನಿಗೆ.

“ಇರಬಹುದು,” ಎಂದು ಮೋಸಾ ಕೌಂಟರಿನ ಟೀ ಶರ್ಟನ್ನು ಮಡಿಸಿ ಅವನ ಮೇಜಿನ ಮೇಲಿಟ್ಟಳು. ಅಜ್ಜಿಯನ್ನು ತೂಕಕ್ಕೆ ನಿಲ್ಲಿಸಿ, ಅವಳನ್ನು ಕಿಟಕಿಯ ಪಕ್ಕ ಕೂರಿಸಿ ಎಂದು ಹೇಳಿ ಹೊರಟಳು.

೭

ಮೊಥೂಸಿ ಮಾವ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕ. “ಕೆಲಸ ಸಿಕ್ತು ಅಂತ ಕುಣಿಯೋರನ್ನ ನೋಡಿದ್ದೀನಿ. ಇಲ್ಲ ಅಂದ್ರು ಅಂತ ಕುಣಿಯೋಳು ನೀನೊಬ್ಬಳೇ.” ಆಮೇಲೆ ನಗು ನಿಲ್ಲಿಸಿ, “ನಾಳೆಯಿಂದ ದೋಣಿಗೆ ಬಾ. ಕೈಗೆ ಕೆಲಸ ಇರ್ಲಿ,” ಎಂದ.

ಅವಳು ಹೋದಳು. ಜೌಗಿನಲ್ಲಿ ಕೋಲು ಊರುವಾಗ ಮೇಲೆ ಬಿಳಿ ಬಕದ ಹೆಲಿಕಾಪ್ಟರ್ ಹಾದುಹೋದರೆ, ಪ್ರವಾಸಿಗಳಿಗಿಂತ ಮೊದಲು ತಲೆಯೆತ್ತಿ, “ಬಾಲ ಗಾಳಿಗೆ ತಿರುಗ್ತಿದೆ, ಪೆಡಲ್ ಒತ್ತೋ,” ಎಂದು ಬೈಯುತ್ತಿದ್ದಳಂತೆ. ಮುನ್ಯಾ ‘ಇಲ್ಲ’ ಕಾಗದ ಜೇಬಿನಲ್ಲಿಟ್ಟುಕೊಂಡು ಅದೇ ವಾರ ಜಾಂಬಿಯಾಕ್ಕೆ ಬಸ್ ಹತ್ತಿದ. ಅಲ್ಲಿನವರು ಇನ್ನೂ ಕಾಯುತ್ತಿದ್ದರು. ಉಳಿದ ಮೂವರು ಡೇರೆ ಕಿತ್ತರು.

೮

ಈಗ ಅಂತ್ಯ. ನನ್ನ ಬಳಿ ಎರಡು ಸಿದ್ಧ ಇದ್ದವು.

ಒಂದು: ರೂಲೊಫ್ ದೋಣಿಕಟ್ಟೆಗೆ ಓಡಿಬರುತ್ತಾನೆ. ಹಳೆಯ ಪೈಲಟ್ ಗೆಳತಿಯ ಜೊತೆ ಜಗಳವಾಡಿ ಊರಿಗೆ ಹೋಗಿದ್ದಾನೆ. ‘ಬಾ ಮೋಸಾ!’

“ಥೂ,” ಎಂದಳು ಮೋಸಾ.

ಎರಡು: ಹತ್ತು ವರ್ಷದ ನಂತರ. ಮೋಸಾಳದೇ ಕಂಪನಿ. ಕೌಂಟರಿನಲ್ಲಿ ರೂಲೊಫ್.

“ಟೀಚರ್, ನೀವು ಸಿನಿಮಾ ನೋಡೋದು ಕಮ್ಮಿ ಮಾಡಿ.”

ಹಾಗಾದರೆ ನಡೆದದ್ದನ್ನೇ ಹೇಳುತ್ತೇನೆ. ದೂರದ ಘಾಂಝಿ ಕಡೆಯ ದೊಡ್ಡ ದನದ ಫಾರ್ಮಿನ ಒಡತಿ, ಒಬ್ಬ ಮುದುಕಿ, ಫೋನ್ ಮಾಡಿದಳು. ತೂಕದ ಯಂತ್ರ ಹತ್ತಿದ ಹುಡುಗಿಯ ಸುದ್ದಿ ಅಲ್ಲಿಯವರೆಗೆ ಹೋಗಿತ್ತು. ಫೋನಿನ ದನಿ ನನ್ನ ಅಡುಗೆಮನೆಗೆಲ್ಲ ಕೇಳಿಸುತ್ತಿತ್ತು.

“ನನ್ನ ಹತ್ರ ಎರಡು ಸೀಟಿನ ಹಳೇ ಹೆಲಿಕಾಪ್ಟರ್ ಇದೆ. ಪೊದೆಯಲ್ಲಿ ಚೆದುರಿದ ದನ ಅಟ್ಟಿಕೊಂಡು ಬರಬೇಕು. ಮರದ ಮಟ್ಟದಲ್ಲಿ ಹಾರಬೇಕು, ಪಿಕ್ನಿಕ್ ಅಲ್ಲ. ಬಂದು ಹಾರಿಸಿ ತೋರಿಸು. ಬೇಕೋ ಬೇಡವೋ ಅವತ್ತು ಸಂಜೆನೇ ಮುಖಕ್ಕೆ ಹೇಳ್ತೀನಿ. ಊಟ ನಂದು.”

ಮೋಸಾ ಮಾವನ ಹಳೆಯ ಜಾಕೆಟ್ ಹಾಕಿಕೊಂಡು ದನದ ಲಾರಿ ಹತ್ತಿ ಹೋದಳು.

ಇವತ್ತು ಆ ಪರೀಕ್ಷೆಯ ದಿನ. ಕಥೆ ಮುಗಿಸಲು ಕೂತವಳು ತಡೆಯಲಾರದೆ ಫೋನ್ ಮಾಡಿದೆ. ಹಿಂದೆ ಇಂಜಿನ್ ಸದ್ದು ಏರುತ್ತಿತ್ತು. “ಏನು ಬರೆಯಲಿ?” ಎಂದು ಕಿರುಚಿದೆ. “ಸಂಜೆವರೆಗೆ ಕಾಯಲಾ?”

“ಕಾಯಬೇಡಿ!” ಅವಳೂ ಕಿರುಚಿದಳು. “ಕೆಲಸ ಸಿಕ್ತು ಅಂತ ಬರೀಬೇಡಿ. ಸಿಗಲಿಲ್ಲ ಅಂತಲೂ ಬರೀಬೇಡಿ. ನಾನು ಹಾರಿಸ್ತಿದ್ದೀನಿ ಅಂತ ಬರೀರಿ. ಇಡ್ತೀನಿ, ಎರಡೂ ಕೈ ಬೇಕು!”

ಮೋಸಾ ಹಾರಿಸುತ್ತಿದ್ದಾಳೆ. ಮುಳ್ಳುಪೊದೆಗಳ ನಡುವಿನಿಂದ ದನಗಳು ಧೂಳೆಬ್ಬಿಸಿ ಹೊರಬರುತ್ತಿವೆ. ಮುದುಕಿ ಗೇಟಿಗೆ ಒರಗಿ, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಾಳೆ. ಸಂಜೆ ಏನಾಯಿತು ಎಂದು ನೀವು ಕೇಳುತ್ತೀರಿ. ಬೇಕಾದರೆ ಪುಸ್ತಕ ಮುಚ್ಚಿ, ದೀಪ ಆರಿಸಿ, ನನಗೆ ಬೈದು ಮಲಗಿ. ನಿಮಗೋಸ್ಕರ ಅವಳನ್ನು ನಾನು ಕೆಳಗಿಳಿಸುವುದಿಲ್ಲ.